ಹಾಜರಿ ಪುಸ್ತಕದಲ್ಲಿ ಕಾಣದ ಕೆಲಸ

ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪಾಠ ಹೇಳುವುದನ್ನು ಬಿಟ್ಟು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ, ಅದರಲ್ಲೂ ತಮ್ಮ ಮನೆಯಿಂದ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದವರಿಗೆ ನೆರವಾಗುವ ಕೆಲಸಕ್ಕೆ ನಾನು ಬಂದಾಗ ಹಳೆಯ ಸಹೋದ್ಯೋಗಿಗಳಲ್ಲಿ ಹಲವರು ಕೇಳಿದ್ದು ಒಂದೇ ಪ್ರಶ್ನೆ: ‘ಚೆನ್ನಾಗಿ ಪಾಠ ಮಾಡಿಕೊಂಡಿದ್ದವರು ಗುಮಾಸ್ತಿಕೆಗೆ ಹೋಗುವುದೇಕೆ?’ ಕೇಳಿದವರ ಕಾಳಜಿಯಲ್ಲಿ ನನಗೆ ಅನುಮಾನವಿಲ್ಲ. ಆದರೆ ಅರ್ಜಿ, ಪ್ರಮಾಣಪತ್ರ, ಹಾಸ್ಟೆಲ್, ಬ್ಯಾಂಕ್ ಖಾತೆ ಇವೆಲ್ಲ ಗುಮಾಸ್ತರ ಪಾಲು, ವಿದ್ಯೆ ಮಾತ್ರ ಅಧ್ಯಾಪಕರ ಪಾಲು ಎಂಬ ಈ ವಿಂಗಡಣೆಯೇ ನಮ್ಮ ಕಾಲೇಜುಗಳಿಂದ ಬಡ ಮಕ್ಕಳನ್ನು ಸದ್ದಿಲ್ಲದೆ ಹೊರಗೆ ಕಳಿಸುತ್ತಿದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನೇ ನೋಡಿ. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆದು, ಅವುಗಳ ಮೇಲಿರುವ ಆರ್‌ಡಿ ಸಂಖ್ಯೆಯನ್ನು ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ತುಂಬಿ, ಆಧಾರ್‌ನಲ್ಲಿರುವ ಹೆಸರೂ ಅಂಕಪಟ್ಟಿಯಲ್ಲಿರುವ ಹೆಸರೂ ತಾಳೆಯಾಗಿ, ಕಾಲೇಜು ದೃಢೀಕರಿಸಿ, ಇಲಾಖೆ ಮಂಜೂರು ಮಾಡಿದ ಮೇಲೆ ಹಣ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ಅದೂ ವಿದ್ಯಾರ್ಥಿ ಬಳಸುತ್ತಿರುವ ಖಾತೆಗೇ ಬರುತ್ತದೆಂದೇನಿಲ್ಲ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ ಹೋಗುತ್ತದೆ. ಬಿ.ಕಾಂ. ಎರಡನೆಯ ವರ್ಷದ ಹುಡುಗಿಯೊಬ್ಬಳು ‘ದುಡ್ಡು ಬಂದಿಲ್ಲ ಸರ್’ ಎಂದು ಬಂದಾಗ ಪೋರ್ಟಲ್ ಮಾತ್ರ ಹಣ ಸಂದಾಯವಾಗಿದೆ ಎಂದು ತೋರಿಸುತ್ತಿತ್ತು. ಹುಡುಕುತ್ತಾ ಹೋದರೆ, ಅವಳು ಹೈಸ್ಕೂಲಿನಲ್ಲಿದ್ದಾಗ ಊರಿನ ಬ್ಯಾಂಕಿನಲ್ಲಿ ತೆರೆಸಿ ಮರೆತಿದ್ದ ಖಾತೆಯಲ್ಲಿ ಆ ಹಣ ಕೂತಿತ್ತು. ಪಾಸ್‌ಬುಕ್ ಕಳೆದಿತ್ತು, ಖಾತೆಗೆ ಕೊಟ್ಟಿದ್ದ ಮೊಬೈಲ್ ಸಂಖ್ಯೆ ಅವಳ ಸೋದರಮಾವನದು, ಅದೂ ಬಂದ್ ಆಗಿತ್ತು. ಮತ್ತೆ ಕೆವೈಸಿ ಮಾಡಿಸುವುದಕ್ಕೆ ಅವಳು ತರಗತಿ ಬಿಡಬೇಕಾಯಿತು, ಅವಳ ತಂದೆ ಕೂಲಿ ಬಿಡಬೇಕಾಯಿತು. ಅಷ್ಟರಲ್ಲಿ ಪರೀಕ್ಷಾ ಶುಲ್ಕದ ಗಡುವು ಮುಗಿದು ದಂಡ ಬಿದ್ದಿತ್ತು. ಹಾಜರಿ ಪುಸ್ತಕ ಇದನ್ನೆಲ್ಲ ಗೈರುಹಾಜರಿ ಎಂದಷ್ಟೇ ದಾಖಲಿಸುತ್ತದೆ.

ಇದು ಸಣ್ಣ ಊರಿನ ಸಣ್ಣ ಕಾಲೇಜಿನ ಸಮಸ್ಯೆ ಎಂದುಕೊಳ್ಳುವವರು 2024ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋದ ಪ್ರಕರಣವನ್ನು ನೆನಪಿಸಿಕೊಳ್ಳಬೇಕು. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ದಲಿತ ಕೂಲಿಕಾರ ಕುಟುಂಬವೊಂದರ ಹುಡುಗನಿಗೆ ಧನ್‌ಬಾದ್ ಐಐಟಿಯಲ್ಲಿ ಸೀಟು ಸಿಕ್ಕಿತ್ತು. ಜೂನ್ 24ರ ಸಂಜೆ 5 ಗಂಟೆಯೊಳಗೆ ಕಟ್ಟಬೇಕಿದ್ದ 17,500 ರೂಪಾಯಿಯನ್ನು ಸಕಾಲಕ್ಕೆ ಕಟ್ಟಲಾಗದೆ ಆ ಸೀಟು ಕೈತಪ್ಪಿತು. ಸೆಪ್ಟೆಂಬರ್ 30ರಂದು ನ್ಯಾಯಾಲಯವು ಸಂವಿಧಾನದ 142ನೇ ವಿಧಿಯ ವಿಶೇಷಾಧಿಕಾರವನ್ನು ಬಳಸಿ ಆತನನ್ನು ಸೇರಿಸಿಕೊಳ್ಳುವಂತೆ ಆದೇಶಿಸಿತು. ಆದೇಶಕ್ಕೆ ನಾವೆಲ್ಲ ಚಪ್ಪಾಳೆ ತಟ್ಟಿದೆವು, ಸರಿಯೇ. ಆದರೆ ಅಷ್ಟು ಕಷ್ಟದ ಪರೀಕ್ಷೆಯನ್ನು ಪಾಸು ಮಾಡಿದ ಹುಡುಗನಿಗೆ ಆ ಸಂಜೆ ಕೊರತೆಯಾಗಿದ್ದು ಬುದ್ಧಿಯೂ ಅಲ್ಲ, ಪಾಠವೂ ಅಲ್ಲ.

ನಮ್ಮ ರಾಜ್ಯದಲ್ಲಿ ಯೋಜನೆಗಳಿಗೆ ಬರವಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ-ವಸತಿಗೆ ನೆರವಾಗುವ ವಿದ್ಯಾಸಿರಿ ಇದೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವಿದೆ. ಶಕ್ತಿಯಿಂದ ನಿಜವಾಗಿಯೂ ಅನುಕೂಲವಾಗಿದೆ ಎಂಬುದನ್ನು, ಅದನ್ನು ಗೇಲಿ ಮಾಡುವವರಿಗಾಗಿ, ಇಲ್ಲಿ ಒತ್ತಿ ಹೇಳುತ್ತೇನೆ. ಆದರೂ ಪ್ರಯೋಗಾಲಯದ ಅವಧಿ ನಾಲ್ಕೂವರೆಗೆ ಮುಗಿದು, ಊರಿನ ಕಡೆಯ ಬಸ್ಸು ನಾಲ್ಕೂಕಾಲಿಗೇ ಹೊರಟುಹೋದರೆ ಟಿಕೆಟ್ ಉಚಿತವಾಗಿದ್ದೇನು ಪ್ರಯೋಜನ? ವೇಳಾಪಟ್ಟಿ ಹಾಕುವ ಅಧ್ಯಾಪಕರ ಮುಂದೆ ಬಸ್ಸಿನ ವೇಳೆಯನ್ನೂ ಇಟ್ಟುಕೊಂಡು ಕೂರುವವರು ಕಾಲೇಜಿನಲ್ಲಿ ಒಬ್ಬರಾದರೂ ಇರಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು ಮರ್ಯಾದೆಯ ಪ್ರಶ್ನೆ. ತುಂಬಿದ ತರಗತಿಯಲ್ಲಿ ‘ಸ್ಕಾಲರ್‌ಶಿಪ್‌ನವರು ಎದ್ದು ನಿಲ್ಲಿ’ ಎಂದು ಕರೆಯುವ ಪದ್ಧತಿ ಇನ್ನೂ ಹೋಗಿಲ್ಲ. ಹೀಗೆ ಎದ್ದು ನಿಲ್ಲಬೇಕಾಗುತ್ತದೆಂದು ಅರ್ಜಿಯನ್ನೇ ಹಾಕದ ಮಕ್ಕಳನ್ನು ನಾನು ಬಲ್ಲೆ. ತರಗತಿಯಲ್ಲಿ ಜಾತಿಯ ಗುರುತು ಹಚ್ಚುವುದನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2012ರ ಸಮಾನತೆಯ ನಿಯಮಾವಳಿಯೇ ತಾರತಮ್ಯವೆಂದು ಪರಿಗಣಿಸಿ, ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಕೋಶ ಇರಬೇಕೆಂದಿತ್ತು. ಅನೇಕ ಕಡೆ ಆ ಕೋಶವೆಂದರೆ ಬಾಗಿಲ ಮೇಲಿನ ಒಂದು ಫಲಕ. ಮಾರ್ಗದರ್ಶನದ ಹೆಸರಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಹಾಗೆಯೇ: ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮೌಲ್ಯಮಾಪನದ ವರ್ಷದಲ್ಲಿ, ಯಾವ ಅಧ್ಯಾಪಕರು ಯಾವ ವಿದ್ಯಾರ್ಥಿಗೆ ಮಾರ್ಗದರ್ಶನ ಮಾಡಿದರೆಂಬ ಮೆಂಟರ್-ಮೆಂಟಿ ಕಡತಗಳು ಒಂದೇ ವಾರದಲ್ಲಿ, ಒಂದೇ ಶಾಯಿಯಲ್ಲಿ ಭರ್ತಿಯಾಗುತ್ತವೆ.

ಪಾಠದ ಸುಖವನ್ನು ನಾನು ಕಳೆದುಕೊಂಡಿಲ್ಲವೆಂದರೆ ಸುಳ್ಳಾಗುತ್ತದೆ; ಬೇಡಿಕೆಯ ರೇಖೆ ಬೋರ್ಡಿನ ಮೇಲೆ ಇಳಿಯುವಾಗ ಹಿಂದಿನ ಬೆಂಚಿನಲ್ಲಿ ಒಂದು ಮುಖ ಅರಳುವುದಕ್ಕೆ ಸಮನಾದದ್ದು ಈ ಕೆಲಸದಲ್ಲಿ ದಿನವೂ ಸಿಗುವುದಿಲ್ಲ. ಆದರೆ ಇಲ್ಲಿ ನನ್ನ ಕೈಹಿಡಿದಿರುವುದು ಅಧ್ಯಾಪಕನ ಅನುಭವವೇ. ಪಿಯುಸಿವರೆಗೆ ಕನ್ನಡದಲ್ಲಿ ಓದಿದ ಹುಡುಗ ಇಂಗ್ಲಿಷಿನ ಪ್ರಶ್ನೆಪತ್ರಿಕೆಯ ಮುಂದೆ ಸುಮ್ಮನೆ ಕೂತಾಗ, ಅವನಿಗೆ ವಿಷಯ ಗೊತ್ತಿಲ್ಲವೋ ಪ್ರಶ್ನೆ ಅರ್ಥವಾಗಿಲ್ಲವೋ ಎಂಬುದನ್ನು ಪಾಠ ಮಾಡಿ ಗೊತ್ತಿದ್ದವರು ಬೇಗ ಗುರುತಿಸುತ್ತಾರೆ. ಆದ್ದರಿಂದಲೇ ಈ ಜವಾಬ್ದಾರಿಯನ್ನು ಮುಂದಿನ ವರ್ಷ ಇರುತ್ತಾರೋ ಇಲ್ಲವೋ ತಿಳಿಯದ ಅತಿಥಿ ಉಪನ್ಯಾಸಕರ ತಲೆಗೆ ಕಟ್ಟುವುದನ್ನು ನಾನು ಒಪ್ಪಲಾರೆ.

‘ಸಿಲೆಬಸ್ ಮುಗಿಸುವುದೇ ಕಷ್ಟ, ಇದಕ್ಕೆ ಸಮಯವೆಲ್ಲಿ?’ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಸಮಯವನ್ನು ಕೊಡಬೇಕಾದದ್ದು ವ್ಯವಸ್ಥೆ, ಅಧ್ಯಾಪಕರ ಒಳ್ಳೆಯತನವಲ್ಲ. ಸಹಾಯಕ ಪ್ರಾಧ್ಯಾಪಕರು ವಾರಕ್ಕೆ 16 ಗಂಟೆ ಬೋಧಿಸಬೇಕೆಂದು ಯುಜಿಸಿಯ 2018ರ ನಿಯಮಗಳು ಹೇಳುತ್ತವೆ. ಪ್ರತಿ ಕಾಲೇಜಿನಲ್ಲಿ ಕನಿಷ್ಠ ಇಬ್ಬರು ಕಾಯಂ ಅಧ್ಯಾಪಕರಿಗೆ ಅದರಲ್ಲಿ ಅರ್ಧವನ್ನು ಈ ಕೆಲಸಕ್ಕಾಗಿ ಬಿಟ್ಟುಕೊಟ್ಟು, ಅದನ್ನು ಬೋಧನೆಯ ಅವಧಿಯೆಂದೇ ಲೆಕ್ಕ ಹಾಕಿ, ಬಡ್ತಿಯ ಸಮಯದಲ್ಲೂ ಪರಿಗಣಿಸಬೇಕು. ಜೊತೆಗೆ, ವಿದ್ಯಾರ್ಥಿವೇತನ ಬರುವವರೆಗೆ ಪರೀಕ್ಷಾ ಶುಲ್ಕದ ಗಡುವನ್ನು ಮುಂದೂಡಿಸಲು ಪ್ರಾಂಶುಪಾಲರ ಮೂಲಕ ವಿಶ್ವವಿದ್ಯಾಲಯಕ್ಕೆ ಬರೆಯುವ ಅಧಿಕಾರವೂ ಅವರಿಗಿರಬೇಕು.