ಜಾಗ ಆಮೇಲೆ ನೋಡೋಣ, ಪರದೆ ಎಲ್ಲಿದೆ ಹೇಳಿ

ಮೊನ್ನೆ ಸಂಜೆ ದುರ್ಗದ ಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತಾ ನಿಂತಾಗ ಶುರುವಾದ ಜಗಳ ಇದು. ನಾವು ನಾಲ್ಕು ಜನ. ನಾನು ಹುಬ್ಬಳ್ಳಿಯವನು. ಉಳಿದವರಲ್ಲಿ ಒಬ್ಬ ಧಾರವಾಡ, ಒಬ್ಬ ಗದಗ, ಒಬ್ಬ ಹಾವೇರಿ. ಹಾವೇರಿಯವನು ಮೊಬೈಲಿನಲ್ಲಿ ಒಂದು ಕಟ್ಟಡದ ಫೋಟೊ ತೋರಿಸಿದ. ಬೆಳ್ಳಗೆ, ಮೂಲೆಗಳೇ ಇಲ್ಲದೆ, ಹಾರುವ ತಟ್ಟೆಯೊಂದು ಬಂದು ಕೂತ ಹಾಗಿತ್ತು. ಸ್ಟಾರ್ ವಾರ್ಸ್ ಸಿನಿಮಾ ಮಾಡಿದ ಜಾರ್ಜ್ ಲೂಕಾಸ್ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿಸಿರುವ ಮ್ಯೂಸಿಯಂ ಅಂತೆ. ಒಳಗೆ ಇರೋದು ಕಾಮಿಕ್ಸ್ ಹಾಳೆಗಳು, ವಾರಪತ್ರಿಕೆಯ ಮುಖಪುಟಕ್ಕೆ ಬರೆದ ಚಿತ್ರಗಳು, ಮಕ್ಕಳ ಪುಸ್ತಕದ ಚಿತ್ರಗಳು, ಸಿನಿಮಾ ಸಾಮಾನುಗಳು. ಬಾಗಿಲು ತೆರೆಯಲು 2026ರ ಸೆಪ್ಟೆಂಬರ್ 22 ಅಂತ ದಿನ ಗೊತ್ತು ಮಾಡಿದ್ದಾರೆ.

‘ಇಂಥಾದ್ದು ನಮ್ಮ ಕಡೆ ಬಂದ್ರ ಎಲ್ಲಿ ಕಟ್ಟಬೇಕ್ರೀ?’ ಅಂತ ಅವನು ಸುಮ್ನೆ ಕೇಳಿದ.

ಅಷ್ಟೇ ಸಾಕಾಯ್ತು.

ಧಾರವಾಡದವನು ಗಿರ್ಮಿಟ್ ಪೊಟ್ಟಣ ಕೆಳಗಿಟ್ಟ. ಕಲೆ ಅಂದ ಮೇಲೆ ಧಾರವಾಡ ಬಿಟ್ಟು ಬೇರೆ ಊರಿನ ಮಾತೇ ಇಲ್ಲ ಅಂದ. ಬೇಂದ್ರೆ, ಮನ್ಸೂರ, ಹಾಲಭಾವಿಯವರ ಚಿತ್ರಕಲಾ ಶಾಲೆ ಅಂತ ಬೆರಳು ಮಡಚಿದ. ನಾನು ಸುಮ್ಮನಿರುತ್ತೇನೆಯೇ? ಜನ ಬರೋದು ಹೇಗಪ್ಪಾ, ವಿಮಾನ ಹುಬ್ಬಳ್ಳಿಗೆ, ರೈಲು ಹುಬ್ಬಳ್ಳಿಗೆ, 1507 ಮೀಟರಿನ ಪ್ಲಾಟ್‌ಫಾರ್ಮ್ ಇರೋದೂ ಹುಬ್ಬಳ್ಳಿಯಲ್ಲಿ ಅಂದೆ. ಆ ಪ್ಲಾಟ್‌ಫಾರ್ಮಿಗೂ ಮ್ಯೂಸಿಯಮ್ಮಿಗೂ ಏನು ಸಂಬಂಧ ಅಂತ ನನಗೂ ಗೊತ್ತಿಲ್ಲ. ಆದರೆ ಹುಬ್ಬಳ್ಳಿಯವರು ಯಾವ ವಾದದಲ್ಲೂ ಅದನ್ನು ತಂದೇ ತರುತ್ತೇವೆ. ಗದಗಿನವನು ಮುದ್ರಣ ಕಾಶಿ ಅಂದ, ಗರುಡ ಸದಾಶಿವರಾಯರ ನಾಟಕ ಕಂಪನಿ ಅಂದ. ಹಾವೇರಿಯವನು ಮಾತ್ರ ಮಾತಾಡಲಿಲ್ಲ. ಕೊನೆಗೆ ‘ನಿಮಗ ಎಲ್ಲಾ ಸಿಕ್ಕಾವ, ಒಂದರೆ ನಮಗ ಬಿಡ್ರಿ’ ಅಂದ.

ಈ ಜಗಳ ನಮಗೆ ಹೊಸದಲ್ಲ. ಹೈಕೋರ್ಟ್ ಪೀಠಕ್ಕೆ ವರ್ಷಗಟ್ಟಲೆ ಹೋರಾಟ ಆಯ್ತು. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಕಾಯಂ ಆಯ್ತು. ಐಐಟಿಗೆ ನಾವು, ಮೈಸೂರು, ರಾಯಚೂರು ಸಾಲಾಗಿ ನಿಂತೆವು. 2016ರಲ್ಲಿ ಧಾರವಾಡದ ವಾಲ್ಮಿ ಆವರಣದಲ್ಲಿ ಕ್ಲಾಸು ಶುರುವಾಯ್ತು, ರಾಯಚೂರಿನವರ ಮನಸ್ಸು ಮುರಿಯಿತು. ಏಮ್ಸ್ ವಿಷಯಕ್ಕೂ ಅದೇ ಕತೆ. ಇನ್ನು ಅವಳಿ ನಗರ ಅಂತ 1962ರಲ್ಲಿ ಕೂಡಿಸಿದ ಪಾಲಿಕೆಯಿಂದ ಧಾರವಾಡ ಬೇರೆಯಾಗಬೇಕು ಅಂತ ಹಟ ಹಿಡಿದು, 2025ರ ಜನವರಿಯಲ್ಲಿ ಸಚಿವ ಸಂಪುಟದ ಒಪ್ಪಿಗೆಯನ್ನೂ ತಗೊಂಡಾಯ್ತು. ನಡುವೆ ಇರೋದು ಇಪ್ಪತ್ತು ಕಿಲೋಮೀಟರ್ ರಸ್ತೆ!

ಮನೆಗೆ ಬಂದು ಆ ಲೂಕಾಸ್ ಮ್ಯೂಸಿಯಂ ಬಗ್ಗೆ ಓದುತ್ತಾ ಕೂತೆ. ಜಗಳದಲ್ಲಿ ಅಮೆರಿಕದವರು ನಮಗಿಂತ ಏನೂ ಕಡಿಮೆ ಇಲ್ಲ.

ಲೂಕಾಸ್‌ಗೆ ಮೊದಲು ಮನಸ್ಸಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೊ ಮೇಲೆ. ಗೋಲ್ಡನ್ ಗೇಟ್ ಸೇತುವೆ ಕಾಣುವ ಪ್ರೆಸಿಡಿಯೊ ಅನ್ನುವ ಹಳೇ ಸೈನ್ಯದ ಜಾಗ ಕೇಳಿದ. ಜಾಗ ನೋಡಿಕೊಳ್ಳುವ ಟ್ರಸ್ಟಿನವರು 2014ರ ಫೆಬ್ರವರಿಯಲ್ಲಿ ಆಗೋದಿಲ್ಲ ಅಂದರು. ಕೂಡಲೇ ಶಿಕಾಗೊ ಕೈಬೀಸಿ ಕರೆಯಿತು. ಅದು ಹೆಂಡತಿಯ ಊರು. ಮೇಯರ್ ಸರೋವರದ ದಂಡೆಯಲ್ಲಿ, ಫುಟ್‌ಬಾಲ್ ಸ್ಟೇಡಿಯಂ ಪಕ್ಕದ ಪಾರ್ಕಿಂಗ್ ಜಾಗ ಕೊಡ್ತೀನಿ ಅಂದ. ಅಲ್ಲಿನ ಉದ್ಯಾನಪ್ರೇಮಿಗಳ ಸಂಘ ಕೋರ್ಟಿಗೆ ಹೋಯ್ತು. ಸರೋವರದ ದಂಡೆ ಜನರ ಆಸ್ತಿ, ಒಬ್ಬ ಶ್ರೀಮಂತನ ಮ್ಯೂಸಿಯಮ್ಮಿಗೆ ಬರೆದುಕೊಡೋಕೆ ನೀವು ಯಾರು ಅಂತ ಕೇಳಿತು. ಎರಡು ವರ್ಷ ಎಳೆದಾಡಿ 2016ರ ಜೂನ್‌ನಲ್ಲಿ ಲೂಕಾಸ್ ಶಿಕಾಗೊ ಬಿಟ್ಟ.

ಆಮೇಲಿನದು ನನಗೆ ತುಂಬಾ ಹಿಡಿಸಿದ ಭಾಗ. ಒಬ್ಬನೇ ವಾಸ್ತುಶಿಲ್ಪಿ, ಚೀನಾದ ಮಾ ಯಾನ್ಸೊಂಗ್, ಎರಡು ಊರಿಗೆ ಎರಡು ನಕ್ಷೆ ಮಾಡಿದ. ಒಂದು ಸ್ಯಾನ್ ಫ್ರಾನ್ಸಿಸ್ಕೊದ ಟ್ರೆಷರ್ ಐಲ್ಯಾಂಡಿಗೆ, ಇನ್ನೊಂದು ಲಾಸ್ ಏಂಜಲೀಸ್‌ನ ಎಕ್ಸ್‌ಪೊಸಿಷನ್ ಪಾರ್ಕಿಗೆ. ಒಂದೇ ಹುಡುಗನಿಗೆ ಎರಡು ಕಡೆ ಹೆಣ್ಣು ನೋಡಿ ಇಬ್ಬರ ಮನೆಯಲ್ಲೂ ಚಹಾ ಕುಡಿದು ಬಂದ ಹಾಗೆ. 2017ರ ಜನವರಿಯಲ್ಲಿ ಲಾಸ್ ಏಂಜಲೀಸ್ ಗೆದ್ದಿತು. ಲೂಕಾಸ್ ಸಿನಿಮಾ ಕಲಿತ ಯೂನಿವರ್ಸಿಟಿ ಅದರ ಪಕ್ಕದಲ್ಲೇ ಇದೆ. ಅಲ್ಲಿ ಕೊಟ್ಟದ್ದೂ ಪಾರ್ಕಿಂಗ್ ಜಾಗವೇ. ಓದಿದಾಗ ನಗು ಬಂತು. ಹುಬ್ಬಳ್ಳಿಯಲ್ಲಿ ಪಾರ್ಕಿಂಗ್ ಜಾಗ ಅಂತ ಒಂದು ಇದ್ದರೆ ತಾನೇ ಯಾರಿಗಾದರೂ ಕೊಡೋದು?

ಆದರೆ ಆ ರಾತ್ರಿ ನನ್ನ ತಲೆಯಲ್ಲಿ ಕೂತದ್ದು ಜಾಗದ ವಿಷಯ ಅಲ್ಲ. ಊರೂರು ಅಲೆದ ಅಷ್ಟೂ ವರ್ಷ ಲೂಕಾಸ್ ಹತ್ತಿರ ಚಿತ್ರಗಳು ಇದ್ದವು. ಕಾಲೇಜು ದಿನಗಳಿಂದ ಕೂಡಿಸುತ್ತಾ ಬಂದಿದ್ದ. ಜಾಗ ಇರಲಿಲ್ಲ, ಅಷ್ಟೇ. ನಾವು ನಾಲ್ಕು ಜನ ಅರ್ಧ ತಾಸು ಕಿರುಚಾಡಿದೆವಲ್ಲ, ಅದರ ಒಳಗೆ ಏನು ಇಡುತ್ತೀರಿ ಅಂತ ಒಬ್ಬನೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಬೇಕಾದವನು ನಾನೇ ಆಗಿದ್ದೆ.

ಯಾಕೆ ಅಂದರೆ ನಮ್ಮಪ್ಪ ಪೇಂಟರ್.

ಕಲಾವಿದ ಅಂತ ಅವರನ್ನು ಯಾರೂ ಕರೆಯಲಿಲ್ಲ, ಅವರೂ ಕರೆದುಕೊಳ್ಳಲಿಲ್ಲ. ಅಂಗಡಿ ಬೋರ್ಡು, ಲಾರಿಯ ಹಿಂದಿನ ಹಲಗೆ, ಗಣಪತಿ ಮಂಟಪದ ಹಿನ್ನೆಲೆ, ಟಾಕೀಸ್ ಮುಂದಿನ ಬ್ಯಾನರ್, ಹಳ್ಳಿ ನಾಟಕದ ಪರದೆ. ಬಂದ ಕೆಲಸಕ್ಕೆ ಇಲ್ಲ ಅಂದವರಲ್ಲ. ಬ್ಯಾನರ್ ಬರೆಯುವ ಮುಂಚೆ ಅಂಗೈಯಗಲದ ಫೋಟೊ ಮೇಲೆ ಪೆನ್ಸಿಲಿನಿಂದ ಚೌಕ ಎಳೆಯುತ್ತಿದ್ದರು. ಆಮೇಲೆ ದೊಡ್ಡ ಬಟ್ಟೆಯ ಈ ತುದಿಗೆ ಅವರು, ಆ ತುದಿಗೆ ನಾನು. ನಡುವೆ ನೀಲಿಪುಡಿ ಹಚ್ಚಿದ ದಾರ. ಬಿಗಿಯಾಗಿ ಹಿಡಿದು ನಡುವೆ ಎತ್ತಿ ಬಿಟ್ಟರೆ ಟಪ್ ಅಂತ ಬಟ್ಟೆ ಮೇಲೆ ನೇರ ಗೆರೆ. ಹೀಗೆ ಅಡ್ಡ, ಉದ್ದ. ಒಂದೊಂದು ಚೌಕದಲ್ಲಿ ಇದ್ದದ್ದನ್ನು ಒಂದೊಂದು ಚೌಕಕ್ಕೆ ಇಳಿಸುತ್ತಾ ಹೋಗೋದು. ಹತ್ತಿರದಿಂದ ನೋಡಿದರೆ ಬರೀ ಗುಲಾಬಿ, ಹಸಿರು, ಕಂದು ತೇಪೆಗಳು. ರಸ್ತೆಯ ಆಚೆ ಹೋಗಿ ತಿರುಗಿದರೆ ಅಣ್ಣಾವ್ರು! ಕಣ್ಣು ಮಾತ್ರ ಕೊನೆಗೆ ಬರೆಯುತ್ತಿದ್ದರು. ಅದು ಆಗುವತನಕ ಅವರೂ ಚಹಾ ಕುಡಿಯುತ್ತಿರಲಿಲ್ಲ, ನನ್ನನ್ನೂ ಬಿಡುತ್ತಿರಲಿಲ್ಲ.

ನಾಟಕದ ಪರದೆಗಳ ಲೆಕ್ಕವೇ ಬೇರೆ. ಅರಮನೆ ಸೀನು, ಬೀದಿ ಸೀನು, ಕಾಡು ಸೀನು ಇರಲೇಬೇಕು. ಪುಡಿಬಣ್ಣಕ್ಕೆ ಅಂಟು ಕಾಯಿಸಿ ಹಾಕಬೇಕು. ಅಂಟು ಕಡಿಮೆ ಆದರೆ ಬಣ್ಣ ಉದುರುತ್ತೆ, ಜಾಸ್ತಿ ಆದರೆ ಸುತ್ತಿಟ್ಟಾಗ ಸೀಳುತ್ತೆ. ಹಳ್ಳಿಯ ಜಾತ್ರೆ ನಾಟಕದ ಹ್ಯಾಂಡ್‌ಬಿಲ್ಲಿನಲ್ಲಿ ನಟರ ಹೆಸರಿನ ಕೆಳಗೆ ‘ಭವ್ಯ ರಂಗಸಜ್ಜಿಕೆ’ ಅಂತ ಸೀನ್ಸ್ ಮಾಲೀಕರ ಹೆಸರು ಇರುತ್ತಿತ್ತು. ಬರೆದವನ ಹೆಸರು ಎಲ್ಲೂ ಇಲ್ಲ. ಅಪ್ಪ ಕಾಡು ಸೀನಿನ ಬಲಮೂಲೆಯಲ್ಲಿ, ಬೇರಿನ ಹತ್ತಿರ ಒಂದು ಅಳಿಲು ಬರೆಯುತ್ತಿದ್ದರು. ಅದೇ ಅವರ ಸಹಿ.

ಇನ್ನು ತಪ್ಪೊಪ್ಪಿಗೆ. ನಾನು ಫ್ಲೆಕ್ಸ್ ಅಂಗಡಿ ಇಟ್ಟಿದ್ದೇನೆ. ಹೌದು, ಅಪ್ಪನ ಕೆಲಸ ಕಸಿದುಕೊಂಡ ಮಷೀನನ್ನೇ ಸಾಲ ಮಾಡಿ ತಂದವನು. ಅವರು ನಾಲ್ಕು ದಿನ ಬರೆಯುತ್ತಿದ್ದ ಬ್ಯಾನರನ್ನು ನಾನು ನಾಲ್ಕು ನಿಮಿಷಕ್ಕೆ ಹೊರಗೆ ತೆಗೆಯುತ್ತೇನೆ. ಮೊದಲ ದಿನ ಅಪ್ಪ ಬಂದು ಮಷೀನಿನ ಮುಂದೆ ನಿಂತು ನೋಡಿದರು. ‘ಕಣ್ಣು ಮದಲ ಬಂತಲ್ಲೋ’ ಅಂದರು. ಬೇರೆ ಏನೂ ಅನ್ನಲಿಲ್ಲ.

ಅವರು ತೀರಿಕೊಂಡ ಮೇಲೆ ಮನೆಯಲ್ಲಿ ಎರಡು ಪರದೆ ಉಳಿದಿದ್ದವು. ಅರಮನೆ ಸೀನನ್ನು ಒಂದು ಸಂಸ್ಥೆಯವರು ಪ್ರದರ್ಶನಕ್ಕೆ ಅಂತ ತಗೊಂಡು ಹೋದರು. ಹೆಸರು ಬೇಡ. ತಗೊಂಡು ಹೋಗುವಾಗ ಶಾಲು ಹೊದಿಸಿದರು, ಫೋಟೊ ತೆಗೆದರು. ಒಂದೂವರೆ ವರ್ಷ ಆದ ಮೇಲೆ ನಾನೇ ಹುಡುಕಿಕೊಂಡು ಹೋದೆ. ಮೆಟ್ಟಿಲ ಕೆಳಗೆ, ನೀರಿನ ಮೋಟಾರಿನ ಪಕ್ಕ, ಅರ್ಧಕ್ಕೆ ಮಡಚಿ ಇಟ್ಟಿದ್ದರು. ಪರದೆಯನ್ನು ಸುತ್ತಬೇಕು, ಮಡಚಬಾರದು. ಮಡಿಕೆಯ ಗುಂಟ ಬಣ್ಣ ಎದ್ದು ಹೋಗಿ ಸಿಂಹಾಸನ ಎರಡು ತುಂಡಾಗಿತ್ತು. ಕಟ್ಟಡ ಮಾತ್ರ ಹೊಸದು, ನೆಲಕ್ಕೆ ಗ್ರಾನೈಟ್.

ಅದಕ್ಕೇ ನನಗೆ ಈ ‘ಯಾವ ಊರಿಗೆ’ ಅನ್ನುವ ಪ್ರಶ್ನೆ ಕೇಳಿದರೆ ಸಿಟ್ಟು ಬರುತ್ತೆ. ನಾವು ಮೊದಲು ಜಾಗ ಹುಡುಕುತ್ತೇವೆ, ಆಮೇಲೆ ಶಂಕುಸ್ಥಾಪನೆ, ಆಮೇಲೆ ಕಾಂಪೌಂಡು. ವಸ್ತು ಕೂಡಿಸುವ ಮಾತು ಬರುವ ಹೊತ್ತಿಗೆ ದುಡ್ಡೂ ಮುಗಿದಿರುತ್ತೆ, ವಸ್ತುವೂ ರದ್ದಿಗೆ ಹೋಗಿರುತ್ತೆ.

ನಮ್ಮ ಮನೆಗಳಲ್ಲಿ ಏನು ಕಡಿಮೆ ಇದೆ ಹೇಳಿ? ರವಿವರ್ಮ 1894ರಲ್ಲಿ ಪ್ರೆಸ್ ಹಾಕಿದ ಮೇಲೆ ಲಕ್ಷ್ಮಿ, ಸರಸ್ವತಿ ಬಡವರ ಗೋಡೆಗೂ ಬಂದರು. ಕಲಬುರಗಿಯ ಎಸ್.ಎಂ. ಪಂಡಿತರು ಬಾಂಬೆಗೆ ಹೋಗಿ ಸಿನಿಮಾ ಪೋಸ್ಟರ್, ಕ್ಯಾಲೆಂಡರ್ ಬರೆದು ದೊಡ್ಡ ಹೆಸರು ಮಾಡಿದರು. ಗದಗಿನಲ್ಲಿ ಟಿ.ಪಿ. ಅಕ್ಕಿಯವರು ವಿಜಯ ಕಲಾ ಮಂದಿರ ಕಟ್ಟಿ ಎಷ್ಟು ಬಡ ಹುಡುಗರ ಕೈಗೆ ಕುಂಚ ಕೊಟ್ಟರು! ಆ ಹುಡುಗರೆಲ್ಲ ಗ್ಯಾಲರಿಗೇ ಹೋಗಲಿಲ್ಲ. ಎಷ್ಟೋ ಜನ ಡ್ರಾಯಿಂಗ್ ಮಾಸ್ತರರಾದರು, ಬೋರ್ಡು ಬರೆದರು. ಗದಗಿನ ಹಳೇ ಪ್ರೆಸ್‌ಗಳಲ್ಲಿ ಲಗ್ನಪತ್ರಿಕೆಯ ಗಣಪತಿ ಬ್ಲಾಕು, ನಾಟಕದ ಹ್ಯಾಂಡ್‌ಬಿಲ್ಲಿನ ಬ್ಲಾಕು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿದ್ದನ್ನು ಆ ಗೆಳೆಯ ಕಣ್ಣಾರೆ ಕಂಡಿದ್ದಾನೆ. ಕಂಡೂ ಸುಮ್ಮನೆ ನಿಂತೆ ಅಂತ ಅವನೇ ಹೇಳಿದ.

ಲೂಕಾಸ್ ಸಂಗ್ರಹದಲ್ಲಿ ನಾರ್ಮನ್ ರಾಕ್‌ವೆಲ್ ಅನ್ನುವವನ ಚಿತ್ರಗಳು ಇವೆ. ಒಂದು ವಾರಪತ್ರಿಕೆಗೆ 1916ರಿಂದ 47 ವರ್ಷ ಮುಖಪುಟ ಬರೆದವನು. ಇವನೂ ಒಬ್ಬ ಕಲಾವಿದನಾ ಅಂತ ಅಲ್ಲಿನ ಕಲಾ ವಿಮರ್ಶಕರು ಮೂಗು ಮುರಿದಿದ್ದರು. 1950ರಲ್ಲಿ ಅವನು ಬರೆದ ಒಂದು ಹಜಾಮತಿ ಅಂಗಡಿಯ ಚಿತ್ರ ಇದೆ. ಅಂಗಡಿ ಮುಚ್ಚಿದೆ, ಮುಂದೆ ಕತ್ತಲು, ಕುರ್ಚಿ ಖಾಲಿ. ಒಳಕೋಣೆಯಲ್ಲಿ ಮಾತ್ರ ದೀಪ, ಅಲ್ಲಿ ಮುದುಕರು ಕೂತು ವಾದ್ಯ ನುಡಿಸುತ್ತಿದ್ದಾರೆ. ನಮ್ಮ ಭಜನಾ ಮಂಡಳಿಯ ಹಾಗೇ ಇದೆ. ಆ ಚಿತ್ರವನ್ನು ರಾಕ್‌ವೆಲ್ ತಾನೇ ಪಿಟ್ಸ್‌ಫೀಲ್ಡ್ ಅನ್ನುವ ಸಣ್ಣ ಊರಿನ ಮ್ಯೂಸಿಯಮ್ಮಿಗೆ ಕೊಟ್ಟಿದ್ದ. ಅವರು ದುಡ್ಡಿಲ್ಲ ಅಂತ ಮಾರಲು ಹೊರಟರು, ಊರವರು ಕೋರ್ಟಿಗೆ ಹೋದರು, ಆದರೂ 2018ರಲ್ಲಿ ಅದು ಲೂಕಾಸ್ ಮ್ಯೂಸಿಯಮ್ಮಿನ ಪಾಲಾಯ್ತು. ದೊಡ್ಡ ಊರುಗಳು ಕಟ್ಟಡಕ್ಕೆ ಕಿತ್ತಾಡುವಾಗ ಸಣ್ಣ ಊರು ತನ್ನ ಚಿತ್ರವನ್ನೇ ಕಳೆದುಕೊಂಡಿತು. ನನ್ನ ಹೊಟ್ಟೆ ಉರಿದದ್ದು ಇಲ್ಲಿ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಅನ್ನುವ ಕಲೆ ಮತ್ತು ಫೋಟೊಗ್ರಫಿ ಮ್ಯೂಸಿಯಂ ಸಿನಿಮಾ ಪೋಸ್ಟರ್, ಬಟ್ಟೆ ಗಿರಣಿಗಳ ಲೇಬಲ್‌ಗಳನ್ನೂ ಕೂಡಿಸಿ ಇಟ್ಟಿದೆ. ಒಳ್ಳೆ ಕೆಲಸ, ಬೈಯೋ ಹಾಗಿಲ್ಲ. ನಾವು ಕೂಡಿಸದಿದ್ದರೆ ನಮ್ಮ ಪರದೆ ನೋಡಲು ನಾವೇ ರೈಲು ಹತ್ತಬೇಕಾದೀತು, ಅಷ್ಟೇ.

ಹಾವೇರಿ ಗೆಳೆಯನಿಗೆ ಮಾರನೇ ದಿನ ಫೋನ್ ಮಾಡಿ ಕ್ಷಮೆ ಕೇಳಿದೆ. ಯಾಕೆ ಅಂದರೆ ಸ್ಪರ್ಧೆ ಅಂತ ಇದ್ದರೆ ಅವನ ಜಿಲ್ಲೆ ಯಾವತ್ತೋ ಗೆದ್ದಾಗಿದೆ. ಶಿಗ್ಗಾವಿ ತಾಲೂಕಿನ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ಇನ್ನೇನು ಮತ್ತೆ? ಅದನ್ನು ಕಟ್ಟಿದ ಕಲಾವಿದ ಟಿ.ಬಿ. ಸೊಲಬಕ್ಕನವರ ಯಾವ ನಗರದ ಜಾಗಕ್ಕೂ ಕಾಯಲಿಲ್ಲ. ಹೈವೇ ಪಕ್ಕದಲ್ಲೇ ಸಿಮೆಂಟಿನಲ್ಲಿ ಒಂದು ಇಡೀ ಹಳ್ಳಿ ಎಬ್ಬಿಸಿದರು. ಎತ್ತಿಗೆ ನೀರು ಕುಡಿಸುವವನು, ರೊಟ್ಟಿ ಬಡಿಯುವವಳು. ನಮ್ಮ ಅಣ್ಣಾವ್ರ ಪಾತ್ರಗಳೂ ಇವೆ. ಕಲಾ ವಿಮರ್ಶಕರು ಏನಂತಾರೋ ಬಿಡಿ. ನಮ್ಮ ದೊಡ್ಡಮ್ಮ ಅಲ್ಲಿ ಒಂದು ಗೊಂಬೆಯ ಮುಂದೆ ನಿಂತು ‘ಇಕಿ ಸೀರಿ ಉಟ್ಟಿದ್ದು ತಪ್ಪೈತಿ’ ಅಂತ ಹತ್ತು ನಿಮಿಷ ವಾದ ಮಾಡಿದರು. ಯಾವ ಗ್ಯಾಲರಿಯಲ್ಲಿ ಅವರು ಬಾಯಿ ಬಿಟ್ಟಿದ್ದರು ಹೇಳಿ?

ನನ್ನನ್ನು ಕೇಳಿದರೆ ಗದಗಿಗೆ ಬರಲಿ. ಹುಬ್ಬಳ್ಳಿಯವನಾಗಿ ಇದನ್ನು ಬರೆಯೋದು ಕಷ್ಟ, ಕಮೆಂಟಿನಲ್ಲಿ ಬೈಗುಳ ಬೀಳುತ್ತೆ ಅಂತ ಗೊತ್ತು. ಆದರೆ ಪ್ರೆಸ್ಸು, ಬ್ಲಾಕು, ಕಂಪನಿ ನಾಟಕ, ಚಿತ್ರಶಾಲೆ ನಾಲ್ಕೂ ಕೂಡಿ ಇದ್ದ ಊರು ಅದು. ಹೊಸ ಕಟ್ಟಡವೂ ಬೇಡ. ಮುಚ್ಚಿದ ಒಂದು ಪ್ರೆಸ್ಸೋ ಟಾಕೀಸೋ ಸಾಕು. ಟಾಕೀಸ್ ಆದರೆ ಇನ್ನೂ ಚೆನ್ನ, ಪರದೆ ಇಳಿಬಿಡೋಕೆ ಎತ್ತರ ಸಿಗುತ್ತೆ. ಧಾರವಾಡದವನು ಇದಕ್ಕೆ ಒಪ್ಪಿಲ್ಲ. ಅವನು ಯಾವುದಕ್ಕೂ ಒಪ್ಪೋದಿಲ್ಲ ಬಿಡಿ.

ಆದರೆ ಅವನೇ ನಿನ್ನೆ ಫೋನ್ ಮಾಡಿ, ನಿಮ್ಮಪ್ಪನ ಕಾಡು ಸೀನು ಇದೆಯಲ್ಲ, ಒಮ್ಮೆ ಬಿಚ್ಚು, ಚೆನ್ನಾಗಿ ಫೋಟೊ ತೆಗೆದಿಡೋಣ, ನನ್ನ ಹತ್ತಿರ ಕ್ಯಾಮೆರಾ ಇದೆ ಅಂದ. ಅಟ್ಟದಿಂದ ಇಳಿಸಿದೆವು. ಒಂದು ತುದಿಗೆ ಇಲಿ ಬಾಯಿ ಹಾಕಿದೆ, ಅಳಿಲು ಇರುವ ಮೂಲೆ ಉಳಿದಿದೆಯೋ ಇಲ್ಲವೋ ಪೂರ್ತಿ ಬಿಚ್ಚಿದರೇ ಗೊತ್ತಾಗೋದು. ಪರದೆ 24 ಅಡಿ ಅಗಲ. ನಮ್ಮ ಮಹಡಿ 18 ಅಡಿ. ಈ ಭಾನುವಾರ ಬೆಳಗ್ಗೆ, ಬಿಸಿಲು ಏರುವ ಮುಂಚೆ, ಎರಡು ತಾಸಿನ ಮಟ್ಟಿಗೆ ಯಾರದಾದರೂ ದೊಡ್ಡ ಮಹಡಿ ಖಾಲಿ ಇದ್ದರೆ ಹೇಳಿ. ಹುಬ್ಬಳ್ಳಿ ಆದರೂ ಸರಿ, ಧಾರವಾಡ ಆದರೂ ಸರಿ. ಚಹಾ ನಾವೇ ತರುತ್ತೇವೆ.