ಬ್ರೇಕಿನ ಕಿರುಚಾಟ ಮತ್ತು ತೋಟದ ಪಂಪಿನ ಗ್ರೀಸು

ಕಳೆದ ಅಕ್ಟೋಬರಿನಲ್ಲಿ ನನ್ನ ಕಾರಿನ ಮುಂದಿನ ಬ್ರೇಕ್ ಪ್ಯಾಡುಗಳನ್ನು (ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಬಿಲ್ಲೆಗಳನ್ನು) ಮನೆಯಂಗಳದಲ್ಲಿ ನಾನೇ ಬದಲಾಯಿಸಿದೆನೆಂದು ಇಲ್ಲಿಯೇ ಫೋಟೊ ಸಹಿತ ಬರೆದುಕೊಂಡಿದ್ದೆ, ಸಾಕಷ್ಟು ಶಭಾಸ್‌ಗಿರಿಯನ್ನೂ ಪಡೆದಿದ್ದೆ. ಆ ಕೆಲಸ ಅರ್ಧ ತಪ್ಪಾಗಿತ್ತು. ಹೊಗಳಿಸಿಕೊಂಡ ಜಾಗದಲ್ಲಿಯೇ ತಪ್ಪನ್ನೂ ಒಪ್ಪಿಕೊಳ್ಳುವುದು ನ್ಯಾಯವೆನಿಸಿದ್ದರಿಂದ, ಮತ್ತು ಆ ಬರಹ ಓದಿ ಇಬ್ಬರು ಗೆಳೆಯರು ತಮ್ಮ ಕಾರಿಗೂ ಹಾಗೆಯೇ ಮಾಡಿದ್ದಾರೆಂದು ತಿಳಿದು ಗಾಬರಿಯಾದದ್ದರಿಂದ, ಇದನ್ನು ಬರೆಯುತ್ತಿದ್ದೇನೆ.

ಪ್ಯಾಡ್ ಹಾಕಿದ ಮೇಲೆ ಐದು ತಿಂಗಳು ಯಾವ ತಕರಾರೂ ಇರಲಿಲ್ಲ. ಮಾರ್ಚಿನಲ್ಲಿ ಕುಮಟೆಯ ಕಡೆ ಒಂದು ಉಪನಯನಕ್ಕೆಂದು ಶಿರಸಿಯಿಂದ ಹೊರಟು ದೇವಿಮನೆ ಘಟ್ಟ ಇಳಿಯುವಾಗ ಎಡ ಮುಂದಿನ ಚಕ್ರ ಕೂಗಲು ಶುರುವಾಯಿತು. ಮೊದಲು ತಿರುವುಗಳಲ್ಲಿ ಮಾತ್ರ ಇದ್ದ ಸದ್ದು, ಕೊನೆಕೊನೆಗೆ ಬ್ರೇಕಿನ ಮೇಲಿಂದ ಕಾಲು ತೆಗೆದರೂ ಸಣ್ಣಗೆ ಕೇಳುತ್ತಲೇ ಇತ್ತು. ಹಿಂದಿನ ಸೀಟಿನಲ್ಲಿದ್ದ ದೊಡ್ಡಮ್ಮ, "ಎಂತದಾ ತಮಾ ಅದು, ಹಂದಿಮರಿ ಕೂಗಿದಾಂಗೆ ಕೇಳ್ತಲಾ" ಎಂದು ಎರಡು ಸಲ ಕೇಳಿದರು. ಕತಗಾಲದಲ್ಲಿ ಚಹಾಕ್ಕೆ ನಿಲ್ಲಿಸಿ ಚಕ್ರಗಳ ಹತ್ತಿರ ಅಂಗೈ ಒಡ್ಡಿ ನೋಡಿದರೆ, ಬಲಗಡೆಯದು ಘಟ್ಟ ಇಳಿದ ಕಾರಿನಲ್ಲಿ ಇರಬೇಕಾದಷ್ಟು ಬಿಸಿಯಿತ್ತು. ಎಡಗಡೆಯದರ ಹತ್ತಿರ ಕೈ ಒಯ್ಯಲಾಗದಷ್ಟು ಝಳ, ಜೊತೆಗೆ ಸುಟ್ಟ ವಾಸನೆ. ಚಕ್ರ ತಣಿಯುವವರೆಗೆ ಅಲ್ಲಿಯೇ ಮುಕ್ಕಾಲು ಗಂಟೆ ಕುಳಿತು, ಮುಂದಿನ ಸಮತಟ್ಟು ದಾರಿಯನ್ನು ನಿಧಾನವಾಗಿ ಮುಗಿಸಿದೆವು. ಕಾರನ್ನು ಕುಮಟೆಯಲ್ಲೇ ಬಿಟ್ಟು ಬಸ್ಸಿನಲ್ಲಿ ವಾಪಸು ಬಂದೆ.

ಮರುದಿನ ಶಿರಸಿಯ ಬಿಡಿಭಾಗಗಳ ಅಂಗಡಿಗೆ ಹೋಗಿ, ಕಳಪೆ ಪ್ಯಾಡ್ ಕೊಟ್ಟಿರೆಂದು ಜಗಳವಾಡುವ ತಯಾರಿಯಲ್ಲಿದ್ದೆ. ಅಂಗಡಿಯವರು ಸಮಾಧಾನದಿಂದ ಕೇಳಿ, "ಪ್ಯಾಡ್ ಹಾಕಿದ್ದು ಇರ್ಲಿ ಮಾಸ್ತರ್ರೆ, ಪಿನ್ನಿಗೆ ಎಂತ ಹಚ್ಚಿದ್ರಿ?" ಎಂದರು. ತೋಟದ ಪಂಪಿಗೆಂದು ತಂದಿಟ್ಟಿದ್ದ ಹಳದಿ ಗ್ರೀಸನ್ನು ಧಾರಾಳವಾಗಿ ಹಚ್ಚಿದ್ದೆನೆಂದೆ. ಅವರು ಮುಂದೆ ಮಾತಾಡಲಿಲ್ಲ, ಒಳಗೆ ಹೋಗಿ ಬ್ರೇಕಿಗೆಂದೇ ಬರುವ ಗ್ರೀಸಿನ ಸಣ್ಣ ಟ್ಯೂಬೊಂದನ್ನು, ಪಿನ್ನಿನ ರಬ್ಬರುಗಳ ಪೊಟ್ಟಣವೊಂದನ್ನು ತಂದು ಮೇಜಿನ ಮೇಲಿಟ್ಟರು.

ಇಲ್ಲಿ ಪಿನ್ ಎಂದರೆ ಏನೆಂದು ಹೇಳಬೇಕು. ನಮ್ಮಲ್ಲಿ ಓಡಾಡುವ ಹೆಚ್ಚಿನ ಸಣ್ಣ ಕಾರುಗಳ ಮುಂದಿನ ಡಿಸ್ಕ್ ಬ್ರೇಕಿನಲ್ಲಿ ಬ್ರೇಕ್ ಆಯಿಲಿನ ಒತ್ತಡಕ್ಕೆ ಮುಂದೆ ಸರಿಯುವ ಪಿಸ್ಟನ್ ಇರುವುದು ಒಂದೇ, ಅದೂ ಒಳಮಗ್ಗುಲಿಗೆ. ಪೆಡಲ್ ತುಳಿದಾಗ ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ; ಆ ಒತ್ತಡಕ್ಕೆ, ಪಿಸ್ಟನನ್ನು ಹೊತ್ತು ಡಿಸ್ಕನ್ನು ಇಕ್ಕಳದಂತೆ ಹಿಡಿದಿರುವ ಕ್ಯಾಲಿಪರ್ ಇಡಿಯಾಗಿ ಎರಡು ಪಿನ್ನುಗಳ ಮೇಲೆ ಒಳಕ್ಕೆ ಜಾರಿ, ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಕಾಲು ತೆಗೆದಾಗ ಹೊರಗಿನ ಪ್ಯಾಡ್ ಸಡಿಲವಾಗುವುದೂ ಇದೇ ಜಾರಾಟದಿಂದ. ಎರಡರಲ್ಲಿ ಒಂದು ಪಿನ್ ಕಚ್ಚಿಕೊಂಡರೂ ಕ್ಯಾಲಿಪರ್ ಓರೆಯಾಗಿ ನಿಲ್ಲುತ್ತದೆ, ಒಳಗಿನ ಪ್ಯಾಡ್ ಡಿಸ್ಕನ್ನು ಬಿಡದೆ ಸವೆಯುತ್ತದೆ, ಹೊರಗಿನದು ಹೆಚ್ಚು ಕೆಲಸವಿಲ್ಲದೆ ಉಳಿಯುತ್ತದೆ. ಮುಂದಿನ ಭಾನುವಾರ ಕುಮಟೆಯಲ್ಲಿ ಭಾವನ ಮನೆಯ ಸಿಮೆಂಟಿನ ಅಂಗಳದಲ್ಲಿ ಬಿಚ್ಚಿ ನೋಡಿದಾಗ ಒಳಗಿನ ಪ್ಯಾಡಿನಲ್ಲಿ 6 ಮಿ.ಮೀ. ಉಳಿದಿತ್ತು, ಹೊರಗಿನದರಲ್ಲಿ 9 ಮಿ.ಮೀ. ಮೇಲಿನ ಪಿನ್ ಎರಡು ಬೆರಳಿಗೆ ಹೊರಬಂತು. ಕೆಳಗಿನದನ್ನು ಇಕ್ಕಳದಲ್ಲಿ ಹಿಡಿದು ಬಹಳ ಹೊತ್ತು ಅತ್ತಿತ್ತ ತಿರುಗಿಸಬೇಕಾಯಿತು. ಬಂದಾಗ ಅದರ ತುದಿಯ ರಬ್ಬರು ರಾತ್ರಿ ನೆನೆಹಾಕಿದ ಕಡಲೆಯಂತೆ ಉಬ್ಬಿ ಮೆತ್ತಗಾಗಿತ್ತು. ಬ್ರೇಕಿನಲ್ಲಿ ಬಳಸುವ ರಬ್ಬರಿಗೆ ಖನಿಜ ತೈಲದ ಗ್ರೀಸು ಆಗಿಬರುವುದಿಲ್ಲ, ತಾಗಿದರೆ ಉಬ್ಬುತ್ತದೆ. ಬೇಕಾದದ್ದು ಸಿಲಿಕೋನಿನದೋ, ಬ್ರೇಕಿಗೆಂದೇ ಮಾಡಿದ ಬೇರೆ ಗ್ರೀಸೋ. ಪಂಪಿಗೆ ಹಾಕಿದ್ದನ್ನು ಕಾರಿಗೂ ಹಾಕಿದರೆ ಆದೀತು ಎಂಬ ನಮ್ಮ ತೋಟಿಗರ ಧೈರ್ಯಕ್ಕೆ ನಾನು ಕೊಟ್ಟ ದಂಡ ಒಂದು ಹೊಸ ಪ್ಯಾಡ್ ಸೆಟ್. ಎಡಗಡೆಯದು ಮಾತ್ರ ಹಾಳಾಗಿದ್ದರೂ ಎರಡೂ ಚಕ್ರಗಳ ನಾಲ್ಕು ಪ್ಯಾಡುಗಳನ್ನೂ ಒಟ್ಟಿಗೇ ಬದಲಾಯಿಸಬೇಕು; ಇಲ್ಲದಿದ್ದರೆ ಬ್ರೇಕ್ ಹಾಕಿದಾಗ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ.

ಕಿರುಚಾಟದ ಬಗ್ಗೆ ನನ್ನ ಅಭಿಪ್ರಾಯ ಬದಲಾದದ್ದು ಆ ದಿನ. ಸದ್ದು ಬಂದರೆ ಪ್ಯಾಡ್ ಸರಿಯಿಲ್ಲ, ಬೇರೆ ಕಂಪನಿಯದು ಹಾಕಿಸಿ ಎನ್ನುವವರೇ ಹೆಚ್ಚು. ತರಗತಿಯಲ್ಲಿ ಸೀಮೆಸುಣ್ಣ ಹಿಡಿಯುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಉದ್ದದ ಸೀಮೆಸುಣ್ಣವನ್ನು ಸಡಿಲವಾಗಿ ಹಿಡಿದು ಹಲಗೆಯ ಮೇಲೆ ಎಳೆದರೆ ಅದು ಅಂಟಿ, ಜಾರಿ, ಮತ್ತೆ ಅಂಟಿ ನಡುಗುತ್ತದೆ, ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಅದನ್ನೇ ಮುರಿದು ಗಟ್ಟಿಯಾಗಿ ಹಿಡಿದರೆ ಸದ್ದಿಲ್ಲ. ಪ್ಯಾಡ್ ಮತ್ತು ಡಿಸ್ಕಿನ ನಡುವೆ ನಡೆಯುವುದೂ ಅದೇ, ಸೆಕೆಂಡಿಗೆ ಸಾವಿರಾರು ಬಾರಿ ನಡುಗುವ ನಡುಕ. ಪ್ಯಾಡಿನ ಬೆನ್ನಿಗೆ ಅಂಟಿಸಿರುವ ತೆಳ್ಳನೆಯ ಶಿಮ್ ತಗಡು, ಎರಡು ತುದಿಗಳನ್ನು ಹಿಡಿದಿಡುವ ಸ್ಟೀಲ್ ಕ್ಲಿಪ್ಪುಗಳು ಇರುವುದೇ ಆ ನಡುಕವನ್ನು ಹೀರಲು ಮತ್ತು ಪ್ಯಾಡನ್ನು ನೇರವಾಗಿ ಕೂರಿಸಲು. ಅಕ್ಟೋಬರಿನಲ್ಲಿ ನಾನು ಹಳೆಯ ಕ್ಲಿಪ್ಪುಗಳನ್ನು ಒರೆಸದೆ ಬಿಟ್ಟಿದ್ದೆ.

ಸದ್ದುಗಳಲ್ಲೂ ಭೇದವಿದೆ. ರಾತ್ರಿ ಮಳೆ ಸುರಿದ ಮರುದಿನ ಬೆಳಿಗ್ಗೆ ಎರಡು ಮೂರು ಬ್ರೇಕಿನವರೆಗೆ ಕೇಳುವ ಕರಕರ, ಬೀಡುಕಬ್ಬಿಣದ ಡಿಸ್ಕಿನ ಮೇಲೆ ರಾತ್ರೋರಾತ್ರಿ ಹಿಡಿದ ತೆಳು ತುಕ್ಕಿನದು; ಕಾರವಾರ, ಅಂಕೋಲೆಯ ಉಪ್ಪುಗಾಳಿಯಲ್ಲಿ ಕಾರು ನಿಲ್ಲಿಸುವವರಿಗೆ ಇದು ನಿತ್ಯದ ಸುಪ್ರಭಾತ, ತಲೆಕೆಡಿಸಿಕೊಳ್ಳಬೇಕಿಲ್ಲ. ಎಷ್ಟೋ ಪ್ಯಾಡುಗಳಲ್ಲಿ ಒಂದು ಸಣ್ಣ ತಗಡಿನ ನಾಲಿಗೆ ಇರುತ್ತದೆ; ಪ್ಯಾಡ್ 2-3 ಮಿ.ಮೀ.ಗೆ ಸವೆದಾಗ ಅದು ಡಿಸ್ಕಿಗೆ ತಾಗಿ ಬೇಕೆಂದೇ ಕೂಗುತ್ತದೆ, ಆಗ ತಡಮಾಡಬಾರದು. ಇನ್ನು ಘಟ್ಟವನ್ನು ನಾಲ್ಕನೇ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯುವವರ ಪ್ಯಾಡ್ ಕಾದು ಕಾದು ಗಾಜಿನಂತೆ ಹೊಳಪೇರಿ ಕೂಗುತ್ತದೆ. ಅದನ್ನು ಉಪ್ಪುಕಾಗದದಲ್ಲಿ ತಿಕ್ಕಿದರೆ ಸದ್ದು ಕೆಲವು ದಿನ ನಿಲ್ಲುತ್ತದೆ, ಎರಡನೇ ಗೇರಿನಲ್ಲಿ ಇಳಿಯುವುದನ್ನು ಕಲಿತರೆ ಹೆಚ್ಚು ದಿನ ನಿಲ್ಲುತ್ತದೆ. ನನ್ನ ಹಳೆಯ ಬರಹದ ಕೆಳಗೆ ಒಬ್ಬರು, ಡಿಸ್ಕಿಗೆ ಒಂದು ಹನಿ ಎಣ್ಣೆ ಬಿಟ್ಟರೆ ಸದ್ದು ಹೋಗುತ್ತದೆ ಎಂದು ಬರೆದಿದ್ದರು. ಸದ್ದಿನ ಜೊತೆ ಬ್ರೇಕೂ ಹೋಗುತ್ತದೆ. ದಯವಿಟ್ಟು ಅದನ್ನು ತಮಾಷೆಗೂ ಬರೆಯಬೇಡಿ.

ಮನೆಯಲ್ಲಿ ಮಾಡುವವರು ಮೊದಲು ನೆಲ ನೋಡಿಕೊಳ್ಳಬೇಕು. ನಮ್ಮ ಕಡೆಯ ಸಗಣಿ ಸಾರಿಸಿದ ಮಣ್ಣಂಗಳದಲ್ಲಿ ಜಾಕ್ ಓರೆಯಾಗಿ ಇಳಿಯುತ್ತದೆ; ಸಿಮೆಂಟಿನ ನೆಲವೇ ಆಗಬೇಕು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಬೇಕು, ಜಾಕ್ ಒಂದನ್ನೇ ನಂಬದೆ ಸ್ಟ್ಯಾಂಡ್ ಇಡಬೇಕು. ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಪೈಪಿನಿಂದ ನೇತಾಡಲು ಬಿಡದೆ ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಬೇಕು. ಒಂದು ಚಕ್ರ ಪೂರ್ತಿ ಮುಗಿಸಿ ಇನ್ನೊಂದನ್ನು ಬಿಚ್ಚಿದರೆ, ಯಾವುದು ಎಲ್ಲಿತ್ತೆಂದು ಮರೆತಾಗ ನೋಡಿಕೊಳ್ಳಲು ಆ ಕಡೆಯದು ಇರುತ್ತದೆ. ಪಿಸ್ಟನನ್ನು ಹಳೆಯ ಪ್ಯಾಡ್ ಅಡ್ಡವಿಟ್ಟು ಕ್ಲ್ಯಾಂಪಿನಿಂದ ಮೆಲ್ಲಗೆ ಒಳಗೊತ್ತುವಾಗ ಬಾನೆಟ್ಟಿನೊಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮೇಲೆ ಕಣ್ಣಿರಲಿ. ತುಂಬಿ ಚೆಲ್ಲಿದರೆ ಬಣ್ಣ ಕಿತ್ತುಬರುತ್ತದೆ. ಕಪ್ಪು ಧೂಳನ್ನು ಬಾಯಿಂದಲೋ ಗಾಳಿಯಿಂದಲೋ ಊದಬಾರದು, ಬ್ರೇಕ್ ಕ್ಲೀನರ್ ಸಿಂಪಡಿಸಿ ಒದ್ದೆ ಮಾಡಿ ಒರೆಸಬೇಕು.

ಆಮೇಲೆ ಬರುವುದೇ ನಿಜವಾದ ಕೆಲಸ, ನಾನು ಮೊದಲ ಸಲ ಹಾರಿಸಿದ್ದು. ಪ್ಯಾಡಿನ ಕಿವಿಗಳು, ಅಂದರೆ ಅದರ ಎರಡು ತುದಿಗಳು, ಕೂರುವ ಜಾಗದಲ್ಲಿ ಕ್ಲಿಪ್ ಕಿತ್ತು ನೋಡಿದರೆ ಕೆಮ್ಮಣ್ಣೂ ತುಕ್ಕೂ ಸೇರಿ ಗಟ್ಟಿಯಾದ ಪದರವಿತ್ತು, ಉಗುರಿಗೆ ಬರುವಂಥದ್ದಲ್ಲ. ತಂತಿ ಬ್ರಶ್ ಮತ್ತು ಚಪ್ಪಟೆ ಅರದಿಂದ ಅದನ್ನು ಕೆರೆದು ಲೋಹ ಕಾಣಿಸಲು ಒಂದೊಂದು ಕಡೆಗೆ ಅರ್ಧ ಗಂಟೆ ಹಿಡಿಯಿತು. ಪ್ಯಾಡ್ ಆ ಕಾಲುವೆಯಲ್ಲಿ ಕೈಬೆರಳಿನ ಒತ್ತಡಕ್ಕೆ ಜಾರಬೇಕು. ಸುತ್ತಿಗೆಯಿಂದ ಬಡಿದು ಕೂರಿಸಬೇಕಾಯಿತೆಂದರೆ ಅದು ವಾಪಸು ಸರಿಯುವುದಿಲ್ಲ. ಪಿನ್ನಿಗೆ, ಕಿವಿಗಳಿಗೆ, ಪ್ಯಾಡಿನ ಬೆನ್ನಿಗೆ ಹಣೆಗೆ ಗಂಧ ಹಚ್ಚಿದಷ್ಟು ತೆಳುವಾಗಿ ಗ್ರೀಸ್ ಸಾಕು, ಉಜ್ಜುವ ಮುಖಕ್ಕೆ ಮಾತ್ರ ಅದರ ಸೋಂಕೂ ತಾಗಬಾರದು. ಎಲ್ಲ ಮುಗಿದ ಮೇಲೆ, ಕಾರು ಕದಲಿಸುವ ಮುಂಚೆ ಪೆಡಲನ್ನು ಹಲವು ಸಲ ತುಳಿಯಬೇಕು. ಮೊದಲ ತುಳಿತಕ್ಕೆ ಅದು ನೆಲಕ್ಕೇ ಹೋಗುತ್ತದೆ. ಆ ಸ್ಥಿತಿಯಲ್ಲಿ ಕಾರು ಹೊರಗೆ ತೆಗೆದವರು ಗೋಡೆಗೆ ಗುದ್ದಿಯೇ ನಿಲ್ಲುತ್ತಾರೆ. ಹೊಸ ಪ್ಯಾಡನ್ನು ಪಳಗಿಸಲು ಖಾಲಿ ರಸ್ತೆಯಲ್ಲಿ 60ರ ವೇಗದಿಂದ 10-15ಕ್ಕೆ ಇಳಿಸುವುದನ್ನು, ಪೂರ್ತಿ ನಿಲ್ಲಿಸದೆ, ಎಂಟು ಹತ್ತು ಸಲ ಮಾಡಿ, ಆಮೇಲೆ ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಓಡಿಸಿ ತಣಿಸಿದೆ.

ಗ್ಯಾರೇಜಿನವರನ್ನು ಬೈಯಲು ಈ ಬರಹವನ್ನು ಯಾರೂ ಬಳಸಿಕೊಳ್ಳಬಾರದು. ಅರ್ಧ ಗಂಟೆಯ ಕೂಲಿಗೆ ಚೌಕಾಸಿ ಮಾಡುವವರು ನಾವೇ. ಅಷ್ಟರಲ್ಲಿ ಪ್ಯಾಡ್ ಬದಲಾಗುತ್ತದೆ, ತುಕ್ಕು ಕೆರೆಯುವುದು ಆಗುವುದಿಲ್ಲ. ಮನೆಯಲ್ಲಿ ಮಾಡುವುದರ ಲಾಭ ನನ್ನ ಲೆಕ್ಕದಲ್ಲಿ ಉಳಿದ ಕೂಲಿಯಲ್ಲಿಲ್ಲ, ಭಾನುವಾರದ ಬೆಳಗನ್ನು ಒಂದು ಕ್ಲಿಪ್ಪಿನ ಮೇಲೆ ಕಳೆಯುವ ಪುರಸೊತ್ತಿನಲ್ಲಿದೆ. ಆ ಪುರಸೊತ್ತಿಲ್ಲದವರು ಗ್ಯಾರೇಜಿಗೆ ಹೋಗಿ, ಪಿನ್ ಬಿಚ್ಚಿ ತೊಳೆಯಲು ಬೇರೆಯೇ ಹಣ ಕೊಡುತ್ತೇನೆಂದು ಬಾಯಿಬಿಟ್ಟು ಹೇಳುವುದು ಒಳ್ಳೆಯದು. ಪಿಸ್ಟನಿನ ಸುತ್ತ ಎಣ್ಣೆ ಜಿನುಗುತ್ತಿದ್ದರೆ, ಅಥವಾ ಡಿಸ್ಕ್ ಅದರ ಮೇಲೆಯೇ ಕೆತ್ತಿರುವ ಕನಿಷ್ಠ ದಪ್ಪಕ್ಕಿಂತ ಸವೆದಿದ್ದರೆ, ಮನೆಯ ಪ್ರಯೋಗ ಸಲ್ಲದು.

ಕಳೆದ ವಾರ ಮಳೆಯಲ್ಲಿಯೇ ದೇವಿಮನೆ ಇಳಿದು ಕತಗಾಲದಲ್ಲಿ ನಿಲ್ಲಿಸಿ ಮತ್ತೆ ಅಂಗೈ ಒಡ್ಡಿದೆ. ಎರಡೂ ಚಕ್ರ ಒಂದೇ ಹದದಲ್ಲಿ ಬಿಸಿಯಿದ್ದವು. ಬಲಗಡೆಯ ಒಂದು ಕ್ಲಿಪ್ ಇನ್ನೂ ಹಳೆಯದೇ ಇದೆ, ಅಂಗಡಿಗೆ ಹೊಸದು ಬಂದ ಮೇಲೆ ಹಾಕಬೇಕು. ಪಂಪಿನ ಗ್ರೀಸಿನ ಡಬ್ಬಿ ಈಗ ತೋಟದ ಮನೆಯಲ್ಲಿದೆ.