ಸಂಬಳವಿಲ್ಲದ ಎಂಜಿನಿಯರುಗಳು

ಬೆಂಗಳೂರಿನವರಿಗೆ ಕಾಯುವುದು ಹೊಸ ವಿಷಯವೇನಲ್ಲ. 2017ರಲ್ಲಿ ಕೆಲಸ ಆರಂಭವಾದ ಈಜಿಪುರ ಮೇಲ್ಸೇತುವೆಯ ಕಂಬಗಳನ್ನು ದಾಟಿಕೊಂಡು ಶಾಲೆಗೆ ಹೋಗುತ್ತಿದ್ದ ಮಕ್ಕಳು ಅವೇ ಕಂಬಗಳನ್ನು ದಾಟಿಕೊಂಡು ಕಾಲೇಜಿಗೆ ಹೋದರು; ಮೆಟ್ರೊದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ತೆರೆಯುವ ತನಕ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಸಿಕ್ಕಿಕೊಂಡವರು ತಲೆಯೆತ್ತಿ ಖಾಲಿ ಹಳಿಯನ್ನು ನೋಡುತ್ತ ನಿಟ್ಟುಸಿರು ಬಿಟ್ಟರು. ಆದರೆ ಇವರಲ್ಲಿ ಯಾರಾದರೂ ಗುತ್ತಿಗೆದಾರರ ಬಳಿಗೆ ಹೋಗಿ, ‘ಸ್ವಾಮಿ, ಭಾನುವಾರ ನನಗೆ ಬಿಡುವಿದೆ, ನಾಲ್ಕು ಬಾಂಡಲಿ ಕಾಂಕ್ರೀಟು ಹೊತ್ತು ಹಾಕಿ ಹೋಗುತ್ತೇನೆ’ ಎಂದದ್ದನ್ನು ನಾನಂತೂ ಕೇಳಿಲ್ಲ. ತಡವಾಗಿರುವುದು ಸಾಫ್ಟ್‌ವೇರ್ ಎಂದು ಗೊತ್ತಾದರೆ ಮಾತ್ರ ಈ ಊರಿನ ಜನಕ್ಕೆ ಕೈ ತುರಿಸತೊಡಗುತ್ತದೆ. ಎಂಜಿನಿಯರ್ ಇಲ್ಲದ ಮನೆಯಲ್ಲಿ ಎಂಜಿನಿಯರಿನ ತಂದೆಯಾದರೂ ಇರುವ ಊರು ಇದು. ಯಾವುದೋ ಕಂಪನಿಯ ಅಪ್‌ಡೇಟ್ ಹಿಂದೆ ಬಿದ್ದಿದೆ ಎಂದರೆ, ಪಕ್ಕದ ಮನೆಯ ಮದುವೆಯಲ್ಲಿ ಬಡಿಸುವವರು ಕಡಿಮೆಯಾದ ಹಾಗೆ; ಪಂಚೆ ಎತ್ತಿ ಕಟ್ಟಿ ಸಾರಿನ ಬಕೆಟ್ಟು ಹಿಡಿಯದೆ ಸುಮ್ಮನೆ ಕೂರಲು ಮನಸ್ಸು ಒಪ್ಪುವುದಿಲ್ಲ.

ನಮ್ಮ ಭಾವನವರು ಜಾಲಹಳ್ಳಿಯ ಬಿಇಎಲ್‌ನಲ್ಲಿ ರೇಡಾರ್ ವಿಭಾಗದಲ್ಲಿದ್ದು ನಿವೃತ್ತರಾದವರು. ನಿವೃತ್ತಿಯ ಹಣದಲ್ಲಿ ಅವರು ಕೊಂಡ ಮೊದಲ ವಸ್ತು, ಬೆಂಗಳೂರಿನದೇ ಆದ ಒಂದು ಕಂಪನಿಯ ಎಲೆಕ್ಟ್ರಿಕ್ ಸ್ಕೂಟರ್. ಕಂಪನಿಯ ಹೆಸರು ಇಲ್ಲಿ ಬೇಡ. ಹೇಳಿದರೆ ಕಂಪನಿಯವರಿಗಿಂತ ಮೊದಲು ಭಾವನವರೇ ನನ್ನ ಮೇಲೆ ಸಿಟ್ಟಾಗುತ್ತಾರೆ. ಆ ಗಾಡಿಯ ಪರದೆಯಲ್ಲಿ ಮ್ಯಾಪು, ಹಾಡು, ಹಿಂದಕ್ಕೆ ಚಲಿಸುವ ರಿವರ್ಸು ಎಲ್ಲವೂ ಇದ್ದವು. ‘ಹಿಲ್ ಹೋಲ್ಡ್’ ಎಂಬ ಒಂದು ಗುಂಡಿ ಮಾತ್ರ ಬೂದುಬಣ್ಣದಲ್ಲಿ, ಎಷ್ಟು ಒತ್ತಿದರೂ ಮಿಸುಕದೆ, ಕೆಳಗೆ ‘ಶೀಘ್ರದಲ್ಲೇ ಬರಲಿದೆ’ ಎಂಬ ಸಾಲನ್ನು ಹೊತ್ತು ಕೂತಿತ್ತು. ಏರಿನಲ್ಲಿ ಬ್ರೇಕು ಬಿಟ್ಟು ಆಕ್ಸಿಲರೇಟರ್ ತಿರುಗಿಸುವ ಆ ಒಂದು ಗಳಿಗೆಯಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಹಿಡಿದಿಡುವುದು ಅದರ ಕೆಲಸ. ಮುಂದಿನ ಅಪ್‌ಡೇಟ್‌ನಲ್ಲಿ ಬಂದೇ ಬರುತ್ತದೆ ಎಂದು ಶೋರೂಮಿನ ಹುಡುಗ ಹೇಳಿದ್ದ. ಅಪ್‌ಡೇಟ್‌ಗಳು ಬಂದವು, ಪರದೆಯ ಬಣ್ಣ ಬದಲಾಯಿತು, ಗಂಟೆಯ ಸದ್ದು ಬದಲಾಯಿತು, ಹಿಲ್ ಹೋಲ್ಡ್ ಬೂದಿಯಾಗಿಯೇ ಉಳಿಯಿತು.

ಜಯನಗರದ ಸಮತಟ್ಟು ರಸ್ತೆಯಲ್ಲಿ ಮನೆಯಿದ್ದವರಿಗೆ ಇದು ದೊಡ್ಡ ಕೊರತೆಯಲ್ಲ. ನಮ್ಮ ಅಕ್ಕ–ಭಾವನ ಮನೆ ಇರುವುದು ಹನುಮಂತನಗರದಲ್ಲಿ, ರಾಮಾಂಜನೇಯ ಗುಡ್ಡದ ಮಗ್ಗುಲಿನ ಏರಿನಲ್ಲಿ. ಗಾಡಿಯ ಮೇಲೆ ಪ್ರೀತಿ ಭಾವನದಾದರೂ ಅದನ್ನು ದಿನವೂ ಓಡಿಸುವವಳು ಅಕ್ಕ. ಕಾಲಿನ ಮುಂದೆ ತರಕಾರಿ ಚೀಲ, ಕೊಕ್ಕೆಗೆ ಹಾಲಿನ ಚೀಲ ಹಾಕಿಕೊಂಡು ಅವಳು ಏರಿನ ಮಧ್ಯೆ ಹಸುವಿಗೋ ಆಟೋಗೋ ನಿಂತರೆ, ಮತ್ತೆ ಹೊರಡುವಾಗ ಗಾಡಿ ಮೊದಲು ಹಿಂದಕ್ಕೆ ಹೋಗಿ, ಆಮೇಲೆ ಯೋಚನೆ ಮಾಡಿ ಮುಂದಕ್ಕೆ ಬರುತ್ತದೆ. ತಿರುವಿನಲ್ಲಿ ತಳ್ಳುಗಾಡಿ ನಿಲ್ಲಿಸಿಕೊಂಡಿರುವ ಎಳನೀರಿನವನು ಮೊದಮೊದಲು ತನ್ನ ಗಾಡಿಯನ್ನು ಕಾಪಾಡಿಕೊಳ್ಳಲು ಓಡಿಬರುತ್ತಿದ್ದ. ಬರಬರುತ್ತ ಒಂದು ಅರ್ಧ ಇಟ್ಟಿಗೆಯನ್ನು ಅದಕ್ಕೆಂದೇ ತೆಗೆದಿಟ್ಟು, ಅಕ್ಕನ ಹೆಲ್ಮೆಟ್ಟು ಕಂಡೊಡನೆ ಮಚ್ಚು ಕೆಳಗಿಟ್ಟು, ಹಿಂದಿನ ಚಕ್ರಕ್ಕೆ ಇಟ್ಟಿಗೆ ಕೊಟ್ಟು, ‘ಈಗ ಬಿಡಿ ಅಮ್ಮಾ’ ಎನ್ನುವುದನ್ನು ರೂಢಿ ಮಾಡಿಕೊಂಡ. ಇಡೀ ಹನುಮಂತನಗರದಲ್ಲಿ ಹೇಳಿದ ಸಮಯಕ್ಕೆ ಜಾರಿಗೆ ಬಂದ ಹಿಲ್ ಹೋಲ್ಡ್ ಅದೊಂದೇ.

ನ್ಯಾಯವಾಗಿ ಹೇಳಬೇಕೆಂದರೆ ಇದು ನಮ್ಮೂರಿನ ಕಂಪನಿಗೊಂದಕ್ಕೇ ಅಂಟಿದ ಜಾಡ್ಯವಲ್ಲ. 2007ರ ಜೂನ್ 29ರಂದು ಮಾರಾಟಕ್ಕೆ ಬಂದ ಮೊದಲ ಐಫೋನಿನಲ್ಲಿ ಕಾಪಿ–ಪೇಸ್ಟ್ ಮಾಡುವ ಸೌಲಭ್ಯವೇ ಇರಲಿಲ್ಲ. ಅದು ಬಂದದ್ದು 2009ರ ಜೂನ್‌ನಲ್ಲಿ. ಅದೇ ಫೋನನ್ನು ಮುಗಿಸಲು ಎಂಜಿನಿಯರುಗಳನ್ನು ಅತ್ತ ಎಳೆದುಕೊಂಡದ್ದರಿಂದ ಮ್ಯಾಕ್ ಕಂಪ್ಯೂಟರನ್ನು ನಡೆಸುವ ಸಾಫ್ಟ್‌ವೇರಿನ ಹೊಸ ಆವೃತ್ತಿಯಾದ ಲೆಪರ್ಡ್ ಜೂನ್ ಬದಲು ಅಕ್ಟೋಬರಿಗೆ ಹೋಗುತ್ತದೆ ಎಂದು ಆಪಲ್ ಕಂಪನಿ 2007ರ ಏಪ್ರಿಲ್‌ನಲ್ಲಿ ತಾನೇ ಒಪ್ಪಿಕೊಂಡಿತ್ತು. 2024ರ ಜೂನ್‌ನಲ್ಲಿ ತೋರಿಸಿದ ‘ಸಿರಿ’ ಎಂಬ, ಮಾತಿಗೆ ಉತ್ತರಿಸುವ ಸಹಾಯಕದ ಹೊಸ ರೂಪಕ್ಕೆ ಇನ್ನೂ ಸಮಯ ಬೇಕೆಂದು 2025ರ ಮಾರ್ಚ್‌ನಲ್ಲಿ ತಿಳಿಸಿದ್ದೂ ಅದೇ ಕಂಪನಿ. ಇದನ್ನೆಲ್ಲ ನಾನು ಭಾವನವರನ್ನು ಸಮಾಧಾನಪಡಿಸಲು ಹೇಳಿದೆ. ಅವರು ಅದನ್ನು ಬೇರೆ ರೀತಿಯಲ್ಲಿ ಗ್ರಹಿಸಿದರು. ‘ನೋಡಿದೆಯಾ, ಅವರಿಗೂ ಜನ ಸಾಲದೆ ಬಂದಿತ್ತು. ಪಾಪ, ನಮ್ಮ ಹುಡುಗರಿಗೂ ಅದೇ ತೊಂದರೆ. ಕಣ್ಣಿಗೆ ಕಾಣದ ವಿಮಾನವನ್ನು ಹಿಡಿದುಕೊಟ್ಟವರು ನಾವು. ನಿಂತಿರುವ ಸ್ಕೂಟರನ್ನು ಹಿಡಿದುಕೊಡಲಾರೆವೇ?’ ಎಂದರು.

ಹೀಗೆ ಅಭಿಮಾನಿಗಳ ಬಳಗ ಹುಟ್ಟಿತು. ಗಾಂಧಿ ಬಜಾರಿನ ದರ್ಶಿನಿಯೊಂದರ ಎದುರು, ನಿಂತು ಕಾಫಿ ಕುಡಿಯುವ ಕಟ್ಟೆಯ ಸುತ್ತ ನಡೆದ ಮೊದಲ ಸಭೆಯಲ್ಲಿ ಬ್ಯಾಂಕಿನಿಂದ ನಿವೃತ್ತರಾದವರು, ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವವರು, ಎಂಜಿನಿಯರಿಂಗ್ ಮೂರನೆಯ ವರ್ಷದಲ್ಲಿರುವ ನನ್ನ ಸೋದರಳಿಯ, ಸ್ಕೂಟರ್ ಇನ್ನೂ ಕೊಂಡಿಲ್ಲದ ಆದರೆ ಅಭಿಪ್ರಾಯವಿರುವ ಇಬ್ಬರು ಮಹನೀಯರು, ಹೀಗೆ ಎಲ್ಲ ವರ್ಗದವರೂ ಇದ್ದರು. ಕಂಪನಿಗೆ ಉಚಿತವಾಗಿ ಕೋಡ್ ಬರೆದುಕೊಡುವುದೆಂದು ಸರ್ವಾನುಮತದ ತೀರ್ಮಾನವಾಯಿತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ಗೆ ಜಗತ್ತಿನ ಸ್ವಯಂಸೇವಕರು ಸೇರಿ ಕೆಲಸ ಮಾಡಲಿಲ್ಲವೇ ಎಂದು ಸೋದರಳಿಯ ಭಾಷಣ ಮಾಡಿದ. ಲಿನಕ್ಸ್‌ನ ಕೋಡ್ ಎಲ್ಲರ ಕಣ್ಣೆದುರು ಬಿಚ್ಚಿಟ್ಟದ್ದು, ಅಲ್ಲಿಯೂ ಬಂದದ್ದನ್ನೆಲ್ಲ ಒಳಗೆ ಬಿಟ್ಟುಕೊಳ್ಳದೆ ಸೋಸುವವರಿರುತ್ತಾರೆ, ಸ್ಕೂಟರ್ ಕಂಪನಿಯ ಕೋಡನ್ನೋ ಇವರಲ್ಲಿ ಒಬ್ಬರೂ ನೋಡಿಲ್ಲ ಎಂದು ನಾನು ಎತ್ತಿದ ಆಕ್ಷೇಪವನ್ನು ಎರಡನೆಯ ಸುತ್ತಿನ ಕಾಫಿಯ ಜೊತೆಗೆ ನುಂಗಿಬಿಟ್ಟರು.

ತಡವಾದ ಕಂಪನಿಗೆ ನೆರವಾಗಲು ಹೊರಟ ಬಳಗ ತಾನು ಬರೆಯಬೇಕಾದ ಒಂದು ಪತ್ರವನ್ನು ಯುಗಾದಿಗೆ ಮುಗಿಸುತ್ತೇವೆ ಎಂದದ್ದು ವರಮಹಾಲಕ್ಷ್ಮಿ ಹಬ್ಬಕ್ಕೆ ಹೋಯಿತು, ಅಲ್ಲಿಂದ ಗಣೇಶನ ಹಬ್ಬಕ್ಕೆ ಹೋಯಿತು. ಉಪಸಮಿತಿಗಳಾದವು, ಲಾಂಛನ ಬೇಕೆಂದಾಯಿತು, ಪತ್ರದ ಕೆಳಗೆ ಮೊದಲ ಸಹಿ ಯಾರದೆಂಬುದರ ಮೇಲೆ ಇಬ್ಬರು ಮಾತು ಬಿಟ್ಟರು. ಐಬಿಎಂನಲ್ಲಿ ದೊಡ್ಡ ಆಪರೇಟಿಂಗ್ ಸಿಸ್ಟಮ್ ಒಂದರ ಹೊಣೆ ಹೊತ್ತು ಸೋತು ಸುಣ್ಣವಾದ ಫ್ರೆಡ್ ಬ್ರೂಕ್ಸ್, ಹಿಂದೆ ಬಿದ್ದಿರುವ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಇನ್ನಷ್ಟು ಹಿಂದೆ ಬೀಳುತ್ತದೆ ಎಂದು 1975ರಲ್ಲೇ ಬರೆದಿಟ್ಟಿದ್ದಾರೆ. ಹೊಸಬರಿಗೆ ಕಲಿಸಲು ಹಳಬರ ಹೊತ್ತು ಹೋಗುತ್ತದೆ. ಜನ ಹೆಚ್ಚಿದಂತೆ ಒಬ್ಬರಿಗೊಬ್ಬರು ತಿಳಿಸಬೇಕಾದ ದಾರಿಗಳೂ ಹೆಚ್ಚುತ್ತವೆ. ಹತ್ತು ಜನರ ನಡುವೆ 45 ಜೋಡಿಗಳಾದರೆ, ಐವತ್ತು ಜನರ ನಡುವೆ 1,225 ಜೋಡಿಗಳು. ಬಳಗದ ವಾಟ್ಸಾಪ್ ಗುಂಪಿನಲ್ಲಿ ಐವತ್ತು ಜನರಿದ್ದರು; ಆ ಎಲ್ಲ ದಾರಿಗಳಲ್ಲೂ ಬೆಳಗ್ಗೆ ಆರಕ್ಕೇ ಶುಭೋದಯದ ಹೂವುಗಳು ಸಂಚರಿಸುತ್ತಿದ್ದವು.

ಕೊನೆಗೆ ಹೋದ ಪತ್ರಕ್ಕೆ ವಿನಯಪೂರ್ವಕವಾದ, ಯಾವ ಮಾತಿಗೂ ಸಿಗದ ಉತ್ತರ ಬಂತು. ಕೇಳದೆ ಕಳಿಸಿದ ಸಲಹೆಗಳನ್ನು ಕಂಪನಿಗಳು ಹೆದರಿಕೊಂಡೇ ನೋಡುತ್ತವೆ; ನಾಳೆ ಅದೇ ಬಗೆಯ ಸೌಲಭ್ಯ ಹೊರಗೆ ಬಂದಾಗ ‘ಇದು ನನ್ನದು’ ಎಂದು ಯಾರಾದರೂ ಕೋರ್ಟಿಗೆ ಹೋಗಬಹುದಲ್ಲ. ಆಪಲ್ ಕಂಪನಿಯಂತೂ ಅಂಥ ಸಲಹೆಗಳನ್ನು ಸ್ವೀಕರಿಸುವುದಿಲ್ಲವೆಂದೂ, ಬೇಡವೆಂದರೂ ಕಳಿಸಿದರೆ ಅದು ಯಾವ ಪ್ರತಿಫಲವೂ ಇಲ್ಲದೆ ತನ್ನ ಸ್ವತ್ತಾಗುತ್ತದೆಂದೂ ನಿಯಮವನ್ನೇ ಮಾಡಿಟ್ಟಿದೆ. ಇದನ್ನು ಓದಿ ಹೇಳಿದಾಗ ಭಾವನವರ ಮುಖ ಅರಳಿತು. ‘ಅಂದರೆ, ಕಳಿಸಿದರೆ ಇಟ್ಟುಕೊಳ್ಳುತ್ತಾರೆ ಎಂದಾಯಿತು!’

ಬಳಗದ ಒತ್ತಾಯಕ್ಕೋ, ಮಾರಾಟ ವಿಭಾಗದವರ ದಾಕ್ಷಿಣ್ಯಕ್ಕೋ, ಸ್ಕೂಟರ್ ಕಂಪನಿಯವರು ಎಚ್‌ಎಸ್‌ಆರ್ ಬಡಾವಣೆಯ ತಮ್ಮ ಕಚೇರಿಗೆ ನಾಲ್ಕಾರು ಜನರನ್ನು ಕರೆದರು. ನಾನೂ ಹೋಗಿದ್ದೆ, ನನ್ನ ಅರ್ಹತೆ ಕಾರು ಓಡಿಸುವುದು. ‘ಗಾಡಿ ನಿಂತಿದೆಯೇ, ಏರಿನಲ್ಲಿದೆಯೇ ಎಂದು ನೋಡಿಕೊಂಡು ಕೋಡಿನಲ್ಲಿ ಒಂದು ‘ಇಫ್’ ಷರತ್ತು ಹಾಕಿದರೆ ಮುಗಿಯಿತಲ್ಲ?’ ಎಂದು ಭಾವನವರು ಬೋರ್ಡಿನ ಮೇಲೆ ಬರೆದೇ ತೋರಿಸಿದರು. ಕಣ್ಣಿನ ಸುತ್ತ ಕಪ್ಪು ಕಟ್ಟಿದ್ದ ಹುಡುಗನೊಬ್ಬ ಬಹಳ ತಾಳ್ಮೆಯಿಂದ ವಿವರಿಸಿದ. ಏರಿನಲ್ಲಿ ಗಾಡಿಯನ್ನು ನಿಲ್ಲಿಸಿಡಬೇಕಾದರೆ ಮೋಟಾರು ತಿರುಗದೆಯೇ ಬಲ ಕೊಡುತ್ತಿರಬೇಕು. ತಿರುಗುವ ಮೋಟಾರಿನಲ್ಲಿ ವಿದ್ಯುತ್ತು ಸುರುಳಿಯಿಂದ ಸುರುಳಿಗೆ ಸರದಿಯ ಮೇಲೆ ಹರಿಯುತ್ತದೆ. ನಿಂತ ಮೋಟಾರಿನಲ್ಲಿ ಅವೇ ಸುರುಳಿಗಳಲ್ಲಿ ಒಂದೇ ಸಮನೆ ಹರಿದು ಅಲ್ಲಿಯೇ ಕಾವು ಏರುತ್ತದೆ. ಆದ್ದರಿಂದ ಕೆಲವೇ ಸೆಕೆಂಡು ಹಿಡಿದು ಬಿಟ್ಟುಬಿಡಬೇಕು. ಬಿಡುವ ಮೊದಲು ಸವಾರನಿಗೆ ಹೇಳಬೇಕು. ಸವಾರ ಬ್ರೇಕು ಹಿಡಿಯದೆ ಫೋನು ನೋಡುತ್ತಿದ್ದರೆ ಏನು ಮಾಡಬೇಕು? ಇಳಿಜಾರನ್ನು ಅಳೆಯುವ ಸೆನ್ಸರು ಗುಂಡಿಯಲ್ಲಿ ಇಳಿದು ಹತ್ತಿದ್ದನ್ನೇ ಗುಡ್ಡವೆಂದುಕೊಂಡರೆ? ಬೆಂಗಳೂರಿನ ರಸ್ತೆಯಲ್ಲಿ ಈ ಕೊನೆಯ ಪ್ರಶ್ನೆ ಬಹಳ ಗಹನವಾದದ್ದು ಎಂದು ನಾವೆಲ್ಲರೂ ಒಪ್ಪಿದೆವು.

‘ಕೋಡ್ ಬರೆಯುವವರು ಇದ್ದಾರೆ ಸರ್,’ ಎಂದ ಆ ಹುಡುಗ. ‘ಗಾಡಿ ಎಲ್ಲಿ, ಹೇಗೆ ಜಾರಿತು ಎಂದು ಸರಿಯಾಗಿ ಬರೆದುಕೊಡುವವರು ಸಿಗುತ್ತಿಲ್ಲ. ಅದೊಂದನ್ನು ಮಾಡಿಕೊಡುತ್ತೀರಾ?’ ಎಂದು ಒಂದು ನಮೂನೆಯನ್ನು ಕೈಗಿತ್ತ. ಇಳಿಜಾರು ಎಷ್ಟು, ಟೈರಿನಲ್ಲಿ ಗಾಳಿ ಎಷ್ಟು, ಬ್ಯಾಟರಿ ಎಷ್ಟು, ಗಾಡಿಯ ಮೇಲಿದ್ದ ತೂಕ ಎಷ್ಟು, ರಸ್ತೆ ಒಣಗಿತ್ತೋ ಒದ್ದೆಯೋ, ಎಷ್ಟು ದೂರ ಜಾರಿತು: ಪ್ರತಿ ಸಲವೂ ಇಷ್ಟನ್ನು ಬರೆಯಬೇಕು. ರಾಷ್ಟ್ರನಿರ್ಮಾಣಕ್ಕೆಂದು ಬಂದವರ ಕೈಗೆ ಹಾಜರಿ ಪುಸ್ತಕ ಕೊಟ್ಟಂತಾಯಿತು. ವಾಪಸು ಬರುವಾಗ ಕಾರಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಮುಂದಿನ ವಾರಗಳಲ್ಲಿ ಪಾಲಿಟೆಕ್ನಿಕ್ಕಿನವರಿಗೆ ಪರೀಕ್ಷೆಯ ಕೆಲಸ ಬಂತು, ಬ್ಯಾಂಕಿನವರಿಗೆ ಮಂಡಿ ನೋವು ಬಂತು, ಸೋದರಳಿಯ ಆ ನಮೂನೆಯನ್ನು ತುಂಬಲು ಒಂದು ಆ್ಯಪ್ ಮಾಡುತ್ತೇನೆಂದು ಕೂತವನು ಅದರ ಬಣ್ಣವನ್ನು ಇನ್ನೂ ಆರಿಸುತ್ತಿದ್ದಾನೆ.

ನಮೂನೆ ಅಡಿಗೆಮನೆಯ ಕಟ್ಟೆಯ ಮೇಲೆ ಬಿದ್ದಿತ್ತು. ಅಕ್ಕ ಅದನ್ನು ಓದಿ, ‘ಇಷ್ಟೇನಾ ಅವರು ಕೇಳಿದ್ದು?’ ಎಂದಳಂತೆ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅವಳು ಬರೆಯತೊಡಗಿದಳು. ತೂಕದ ಲೆಕ್ಕ ಅವಳಿಗೆ ಕಷ್ಟವಾಗಲಿಲ್ಲ; ಹಿಟ್ಟಿನ ಗಿರಣಿಯಲ್ಲಿ ತಕ್ಕಡಿಯಿದೆ. ನಾನು ಕಣ್ಣಾರೆ ಕಂಡ ಒಂದು ಹಾಳೆಯಲ್ಲಿ ಹೀಗಿತ್ತು: ‘ರಾಗಿ ಹಿಟ್ಟು ಹತ್ತು ಕೆಜಿ ಕಾಲಿನ ಹತ್ತಿರ, ತೆಂಗಿನಕಾಯಿ ಆರು ಸೀಟಿನ ಕೆಳಗೆ, ನಾನು (ಮಗನ ಕೈಯಲ್ಲಿ ಕೇಳಿಸಿಕೊಳ್ಳಿ, ಇಲ್ಲಿ ಬರೆಯುವುದಿಲ್ಲ). ಮಳೆ ನಿಂತ ಮೇಲೆ. ಗಣಪತಿ ಗುಡಿ ತಿರುವಿನಲ್ಲಿ ಎರಡು ಗೇಣು ಹಿಂದಕ್ಕೆ. ಎಳನೀರಿನವನು ಊಟಕ್ಕೆ ಹೋಗಿದ್ದ, ಇಟ್ಟಿಗೆ ಇರಲಿಲ್ಲ.’

ಈ ಪುಸ್ತಕದ ಫೋಟೋಗಳು ಹೋದ ಮೇಲೆ ಕಪ್ಪು ಕಣ್ಣಿನ ಹುಡುಗ ತಾನೇ ಫೋನು ಮಾಡಿದ. ಅವರ ಪರೀಕ್ಷೆಗಳಲ್ಲಿ ಒಬ್ಬ ಸವಾರ, ಹಿಂದೆ ಇನ್ನೊಬ್ಬ ಎಂಬ ಲೆಕ್ಕವಿತ್ತೇ ಹೊರತು, ಕಾಲಿಡುವ ಜಾಗದಲ್ಲಿ ರಾಗಿ ಮೂಟೆಯಿಟ್ಟು, ಕಾಲನ್ನು ಅಕ್ಕಪಕ್ಕಕ್ಕೆ ಚಾಚಿ, ಒದ್ದೆ ಏರಿನಲ್ಲಿ ನಿಲ್ಲುವ ಗೃಹಿಣಿಯ ಲೆಕ್ಕ ಇರಲಿಲ್ಲವಂತೆ. ಗಾಡಿಯನ್ನು ಕೆಲವು ದಿನ ಕೊಟ್ಟರೆ ಅಳತೆಯ ಯಂತ್ರ ಕಟ್ಟಿ ನೋಡುತ್ತೇವೆ ಎಂದು ಬಹಳ ಗೌರವದಿಂದ ಕೇಳಿದ.

‘ಕೊಡೋಣ, ಅದಕ್ಕೇನಪ್ಪ,’ ಎಂದಳು ಅಕ್ಕ. ‘ಗಾಡಿ ಇಲ್ಲದ ದಿನ ನನಗೆ ಆಟೋ ಖರ್ಚು ಬರುತ್ತದೆ, ಅದನ್ನು ಕೊಡಿ. ಇಷ್ಟು ದಿನ ಕೂತು ಬರೆದಿದ್ದೇನಲ್ಲ, ಅದಕ್ಕೂ ನೀವೇ ಯೋಚನೆ ಮಾಡಿ ಏನಾದರೂ ಕೊಡಿ.’

ಹುಡುಗ ತಕ್ಷಣ ಒಪ್ಪಿದ. ತಲೆ ಚಚ್ಚಿಕೊಂಡವರು ಭಾವನವರು. ‘ನಮ್ಮ ಹುಡುಗರ ಹತ್ತಿರ ದುಡ್ಡು ಕೇಳುತ್ತೀಯಲ್ಲೇ! ಬಳಗದವರು ಏನೆಂದುಕೊಂಡಾರು?’ ಎಂದರು. ‘ರೀ, ಅವರು ಸ್ಕೂಟರನ್ನು ಪುಕ್ಕಟೆ ಕೊಟ್ಟರೇನು?’ ಎಂದು ಕೇಳಿ ಅಕ್ಕ ಒಗ್ಗರಣೆಗೆ ಸಾಸಿವೆ ಹಾಕಿದಳು. ವಿಷಯ ಬಳಗದಲ್ಲಿ ಚರ್ಚೆಗೆ ಬಂದು, ಅಕ್ಕನ ನಡೆ ಅಭಿಮಾನಕ್ಕೆ ತಕ್ಕುದಲ್ಲವೆಂದು ಹಲವರು ವಿಷಾದಿಸಿದರು. ಅವಳು ಆ ಬಳಗದಲ್ಲಿ ಯಾವತ್ತೂ ಇರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಹಿಲ್ ಹೋಲ್ಡ್ ಬಂದಿದೆ. ಕೆಲವು ಸೆಕೆಂಡು ಹಿಡಿಯುತ್ತದೆ, ಕುಂಯ್ಯೆನ್ನುತ್ತದೆ, ಬಿಡುತ್ತದೆ. ಅಕ್ಕನ ಹಣ ಬಂದಿಲ್ಲ. ಮೊದಲು ಪ್ಯಾನ್ ಕಾರ್ಡಿನ ಪ್ರತಿ ಕೇಳಿದರು, ಆಮೇಲೆ ರದ್ದು ಮಾಡಿದ ಚೆಕ್ಕು ಕೇಳಿದರು. ಈಗ ಲೆಕ್ಕಪತ್ರ ವಿಭಾಗದವರು ಹೊಸ ಸಾಫ್ಟ್‌ವೇರಿಗೆ ಬದಲಾಗುತ್ತಿದ್ದಾರೆ, ಅದರಲ್ಲಿ ಹೊರಗಿನವರಿಗೆ ಹಣ ಕಳಿಸುವ ಸೌಲಭ್ಯವೊಂದು ಇನ್ನೂ ಬರಬೇಕಾಗಿದೆ ಎಂಬ ಉತ್ತರ ಬಂದಿದೆ. ಅದನ್ನು ಓದಿದ ಭಾವನವರು ಕನ್ನಡಕ ಒರೆಸಿಕೊಂಡು, ಬ್ಯಾಂಕಿನಿಂದ ನಿವೃತ್ತರಾದವರಿಗೆ ಫೋನು ಹಚ್ಚಿದರು: ‘ಮಂಡಿ ಹೇಗಿದೆ? ಭಾನುವಾರ ಬಿಡುವಿದೆಯೇ? ಪಾಪ, ಅಲ್ಲಿ ಹುಡುಗರಿಗೆ ಜನ ಸಾಲದೆ ಬಂದಿದೆ.’